ಡಬಲ್ ಎಕ್ಸ್‌ಪಿಯ ಹತ್ತು ದಿನ

3, ಸೋಮವಾರ. ಸಂಜೆ 5.40

ಕಾರ್ಡು ಮುಗೀತು. ಮೂವತ್ತು ಚಿತ್ರ, ಅರ್ಧ ಗಂಟೆ. ಆರು ಸರಿ. ನಿನ್ನೆಯೂ ಆರೇ. ಆಸ್ಪತ್ರೆಯ ಸ್ಪೀಚ್ ಮೇಡಂ ಕೊಟ್ಟ ಶೀಟಿನಲ್ಲಿ ಬರೆದಾಯ್ತು — ತಾರೀಖು, ನಿಮಿಷ, ಎಷ್ಟು ಪದ. ಮನೆ ಬಂತು, ಚಮಚ ಬಂತು. ಬಾಚಣಿಗೆ ಬರಲಿಲ್ಲ. 'ಬಾ...' ಅಂತ ಶುರು ಮಾಡಿಕೊಟ್ಟೆ. ಅಪ್ಪ 'ಬ್ರೇಕ್' ಅಂದರು.

ಇಪ್ಪತ್ತಾರು ವರ್ಷ ಡ್ರೈವಿಂಗ್ ಕಲಿಸಿದವರು. ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಬ್ರೇಕ್ ಬ್ರೇಕ್ ಅಂತ ಕೂಗಿದವರು. ಸ್ಟ್ರೋಕ್ ಆದಮೇಲೆ ತಾನಾಗಿ ಬರೋದು ಅದೊಂದೇ. ಹಸಿವಾದರೂ ಬ್ರೇಕ್, ಸಿಟ್ಟು ಬಂದರೂ ಬ್ರೇಕ್. ಅಮ್ಮ ನಗ್ತಾಳೆ — 'ನೋಡೇ, ಈಗ ನಿಜವಾಗ್ಲೂ ಒಂದೇ ಮಾತಿನ ಮನುಷ್ಯ ಆದ್ರು.' ನಕ್ಕು ಅಡುಗೆಮನೆಗೆ ಹೋಗಿಬಿಡ್ತಾಳೆ. ಅಲ್ಲಿ ಸ್ವಲ್ಪ ಹೊತ್ತು ಪಾತ್ರೆ ಸದ್ದೂ ಇರಲ್ಲ.

ಅಮ್ಮ ನಾಲ್ಕೂವರೆಯಿಂದ ಎಂಟರ ತನಕ ಹೊಲಿಗೆ ಕ್ಲಾಸಿನಲ್ಲಿ. ಕಲಿಸೋಕೆ. ನನ್ನದು ಕನ್ನಡಕದ ಅಂಗಡಿ, ನಾಲ್ಕಕ್ಕೆ ಮುಗಿಯುತ್ತೆ. ಹಾಗಾಗಿ ಸಂಜೆಯ ಕಾರ್ಡು ನನ್ನ ಪಾಲು.

ಗುರುವಾರದಿಂದ ಗೇಮಿನಲ್ಲಿ ಡಬಲ್ ಎಕ್ಸ್‌ಪಿ! ಹತ್ತು ದಿನ, ಐದರಿಂದ ಎಂಟು. ಒಂದು ರಾಕ್ಷಸನನ್ನು ಹೊಡೆದರೆ ಎರಡರ ಅಂಕ. ನಾನು ಐವತ್ತೆಂಟನೇ ಲೆವೆಲ್. ಅರವತ್ತಾದರೆ ಮಂಜಿನ ಕೋಟೆಗೆ ಪ್ರವೇಶ. ನಮ್ಮ ತಂಡದ ಉಳಿದ ನಾಲ್ವರೂ ಅರವತ್ತು ಮುಟ್ಟಿ ನನಗಾಗಿ ಕಾಯ್ತಿದ್ದಾರೆ. ಗಾಯ ವಾಸಿ ಮಾಡೋಳು ನಾನೊಬ್ಬಳೇ. ಕ್ಯಾಪ್ಟನ್ ಬರೆದಿದ್ದಾನೆ — 'ಡಾಕ್ಟ್ರೇ, ಈ ಸಲ ಬಿಟ್ರೆ ಇನ್ನು ಆರು ತಿಂಗಳು.'

ಡಾಕ್ಟ್ರೇ ಅಂತಾರೆ ಅಲ್ಲಿ. ಒಂದು ಬಟನ್ ಒತ್ತಿದರೆ ಬಿದ್ದವರು ಎದ್ದು ನಿಲ್ತಾರೆ.

6, ಗುರುವಾರ. ರಾತ್ರಿ 8.15

ಥೂ.

ಐದಕ್ಕೆ ಸರಿಯಾಗಿ ಲಾಗಿನ್. 'ಸರ್ವರ್ ತುಂಬಿದೆ. ಸರದಿಯಲ್ಲಿ ನಿಮ್ಮ ಸಂಖ್ಯೆ 2,114.' ಬೋನಸ್ ಬೇಕಾದರೆ ಒಂದು ಸುರುಳಿ ಬಿಚ್ಚಬೇಕು. ದಿನಕ್ಕೊಂದೇ ಸುರುಳಿ, ಎರಡು ಗಂಟೆ ಆಯಸ್ಸು. ಬಾಗಿಲಲ್ಲೇ ಬಿಚ್ಚಿಬಿಟ್ಟೆ, ಒಳಗೆ ಹೋಗೋಕೆ ಮುಂಚೆ. ಗಡಿಯಾರ ಓಡೋಕೆ ಶುರು. ಸರದಿಯಲ್ಲಿ ನಿಂತರೂ ಓಡುತ್ತಂತೆ! ಯಾವ ಪುಣ್ಯಾತ್ಮ ಮಾಡಿದ ನಿಯಮವೋ.

ಒಳಗೆ ಹೋದರೆ ರಾಕ್ಷಸರೇ ಇಲ್ಲ. ಒಂದು ರಾಕ್ಷಸನ ಮೇಲೆ ನಲವತ್ತು ಜನ. ಹುಟ್ಟೋಕೆ ಬಿಡ್ತಿಲ್ಲ ಪಾಪ.

ಕಾರ್ಡು — ಐದಕ್ಕೆ ಮುಂಚೆ, ಎಂಟು ನಿಮಿಷ. ಮೂವತ್ತು ಅಂತ ಬರೆದೆ. ಒಂದು ದಿನಕ್ಕೆ ಏನಾಗಲ್ಲ.

7, ಶುಕ್ರವಾರ. ರಾತ್ರಿ 8.30

ಇವತ್ತು ಸರ್ವರೇ ಮಲಗಿತು. ಐದೂ ಹತ್ತರಿಂದ ಆರೂ ಮುಕ್ಕಾಲು. 'ತಾಂತ್ರಿಕ ತೊಂದರೆ. ತಾಳ್ಮೆಗೆ ಧನ್ಯವಾದ.' ತಾಳ್ಮೆ ಯಾರಿಗಿತ್ತು? ಚಾಟಿನಲ್ಲಿ ಸಾವಿರಾರು ಜನ ಬಾಯಿಗೆ ಬಂದಂತೆ ಬಯ್ತಿದ್ದರು. ನಾನೂ ಬಯ್ದೆ. ಚೆನ್ನಾಗಿಯೇ ಬಯ್ದೆ.

ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೀತೀನಿ. ಗೇಮ್ ಇರಲಿಲ್ಲ. ಒಂದೂವರೆ ಗಂಟೆ ಕೈ ಖಾಲಿ. ಅಪ್ಪ ಪಕ್ಕದ ಕೋಣೆಯಲ್ಲಿ ಎದ್ದೇ ಕೂತಿದ್ದರು. ನಾನು ಪರದೆ ಮೇಲೆ ತಿರುಗೋ ಚಕ್ರ ನೋಡ್ತಾ ಕೂತೆ.

ಶೀಟ್ — 30 ನಿಮಿಷ, 7 ಪದ.

8, ಶನಿವಾರ. ರಾತ್ರಿ 8.20

ನಿನ್ನೆ ಕೊನೆಯ ಒಂದು ಗಂಟೆ ಆಡಿದ್ದಕ್ಕೆ ಬೋನಸ್ಸೇ ಜಮಾ ಆಗಿಲ್ಲ. ಐದು ಜನರ ತಂಡ ಪೂರ್ತಿ ಇದ್ದರೆ ಮಾತ್ರವಂತೆ. ಸಣ್ಣ ಅಕ್ಷರದಲ್ಲಿತ್ತು. ನಮ್ಮಲ್ಲಿ ಗುಬ್ಬಿ ಅನ್ನೋಳು ಮಗು ಅತ್ತಿತು ಅಂತ ಹತ್ತು ನಿಮಿಷ ಎದ್ದು ಹೋಗಿದ್ದಳು. ಎಲ್ಲರದ್ದೂ ಹೋಯ್ತು. ಅವಳಿಗೆ ನಾನೇ ಬರೆದೆ — 'ಮನೆ ಕೆಲಸ ಇದ್ದೋರು ಇವೆಂಟಿಗೆ ಬರಬಾರದು.'

ಕಂಪನಿಯವರು ಪರಿಹಾರ ಕೊಟ್ಟಿದ್ದಾರೆ. ಒಂದು ಟೋಪಿ. ಹಸಿರು ಬಣ್ಣದ್ದು. ಟೋಪಿ ಹಾಕೋದು ಅಂದರೆ ಇದೇ.

ಐದೂವರೆ ಹೊತ್ತಿಗೆ ಅಪ್ಪ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ನನ್ನ ಹೆಡ್‌ಫೋನ್ ಮುಟ್ಟಿದರು. 'ಐದು ನಿಮಿಷ ಅಪ್ಪಾ' ಅಂದೆ. ತಿರುಗಿ ಕೂಡ ನೋಡಲಿಲ್ಲ. ಎಂಟಕ್ಕೆ ಎದ್ದು ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಕಾರ್ಡುಗಳು ಸಾಲಾಗಿವೆ. ಎಡಗೈಯಲ್ಲಿ ಒಂದೊಂದೇ ಎತ್ತಿ, ಮುಖದ ಹತ್ತಿರ ಹಿಡಿದು, ತುಟಿ ಅಲ್ಲಾಡಿಸ್ತಿದ್ದಾರೆ. ಒಬ್ಬರೇ. ಸರಿಯೋ ತಪ್ಪೋ ಹೇಳೋಕೆ ಯಾರೂ ಇಲ್ಲ.

ನೋಡದವಳ ಹಾಗೆ ಬಚ್ಚಲಿಗೆ ಹೋದೆ.

12, ಬುಧವಾರ. ರಾತ್ರಿ 8.45

ನಾಲ್ಕು ದಿನದ ಶೀಟ್ ಒಟ್ಟಿಗೆ ತುಂಬಿಸಿದೆ. ಎರಡು ದಿನ ನೀಲಿ ಪೆನ್ನು, ಎರಡು ದಿನ ಕಪ್ಪು. ಒಂದೇ ಸಲ ಬರೆದದ್ದು ಅಂತ ಗೊತ್ತಾಗಬಾರದಲ್ಲ. ಅಂಕೆಯೂ ಹಾಗೇ — 8, 9, ಆಮೇಲೆ ಬೇಕಂತಲೇ 8, ಆಮೇಲೆ 10. ದಿನಾ ಏರಿದರೆ ಯಾರು ನಂಬ್ತಾರೆ? ಮೂವತ್ತೇಳು ವರ್ಷದ ಹೆಂಗಸು. ಕಾಪಿ ಹೊಡೆಯೋ ಹುಡುಗಿಯ ಬುದ್ಧಿ.

ಇವತ್ತು ಅಂಗಡಿಯಲ್ಲಿ ಎಡಗಣ್ಣಿನ ಗಾಜು ಬಲಗಡೆ ಕೂರಿಸಿದೆ. ಗಿರಾಕಿ ಹಾಕಿಕೊಂಡು ಮೆಟ್ಟಿಲು ತಪ್ಪಿದರು. ಯಜಮಾನರು 'ಎಲ್ಲಿದೆಯಮ್ಮಾ ನಿನ್ನ ಧ್ಯಾನ?' ಅಂದರು. ಮನೇಲಿ ಅಪ್ಪನಿಗೆ ಹುಷಾರಿಲ್ಲ ಅಂದೆ. ತಕ್ಷಣ ದನಿ ಇಳಿಸಿದರು.

ಈಗ ತಾನೇ ಅಮ್ಮ ಬಂದಳು. ಚೀಲ ಕೆಳಗಿಡೋಕೆ ಮುಂಚೆಯೇ ಕೇಳಿದಳು.

'ಏನಂದ್ರೇ ಇವತ್ತು?'

'ಬಾಗಿಲು ಅಂದ್ರು.'

ಹೇಗೆ ಬಂತೋ ಬಾಯಿಗೆ. ಎದುರಿಗೆ ಬಾಗಿಲಿತ್ತು, ಅಷ್ಟೇ.

'ಬಾಗಿಲು! ಪೂರ್ತಿ?'

'ಪೂರ್ತಿ.'

ಚಪ್ಪಲಿಯಲ್ಲೇ ಪಕ್ಕದ ಮನೆಗೆ ಹೇಳೋಕೆ ಓಡಿದಳು. ಅಪ್ಪ ಕುರ್ಚಿಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡರು. ಅವರಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ.

15, ಶನಿವಾರ. ಮಧ್ಯಾಹ್ನ 1.00

ಸ್ಪೀಚ್ ಮೇಡಂ ಹತ್ತಿರ ಹೋಗಿ ಬಂದೆವು. ಆಸ್ಪತ್ರೆಯ ಮೂರನೇ ಮಹಡಿ, ಕನ್ನಡಿ ಇರೋ ಸಣ್ಣ ಕೋಣೆ. ಅದೇ ಮೂವತ್ತು ಕಾರ್ಡು ತೋರಿಸಿದರು. ನಾಲ್ಕು ಬಂತು. ಹದಿನೈದು ದಿನದ ಹಿಂದೆ ಆರಿತ್ತು.

ಮೇಡಂ ಶೀಟ್ ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಶೀಟ್.

'ಮನೇಲಿ ಹನ್ನೊಂದು, ಇಲ್ಲಿ ನಾಲ್ಕು?'

ನಾನು ಅಪ್ಪನ ಅಂಗಿಯ ಕಾಲರ್ ಸರಿ ಮಾಡಿದೆ.

'ಕೆಲವರಿಗೆ ಇಲ್ಲಿ ಬಂದ್ರೆ ಗಾಬರಿ ಆಗುತ್ತೆ. ಇರಲಿ. ಆದರೆ ದಿನಾ ಅರ್ಧ ಗಂಟೆ ಕೂತೂ ಕೆಳಗಿಳಿದಿದೆ ಅಂದ್ರೆ... ಈ ದಾರಿಯಲ್ಲಿ ಇನ್ನು ಹೆಚ್ಚು ಸಿಗಲಿಕ್ಕಿಲ್ಲ.' ಆಮೇಲೆ ಬಗ್ಗಿ, ಮೆಲ್ಲಗೆ, ಅಪ್ಪನನ್ನೇ ಕೇಳಿದರು — 'ದಿನಾ ಮಾಡಿದ್ರಾ, ಸರ್?'

ಅಪ್ಪ ನನ್ನ ಕಡೆ ನೋಡಿದರು. ಹೌದು ಅಂತ ತಲೆ ಆಡಿಸಿದರು.

ಇನ್ನು ಕಾರ್ಡಿಲ್ಲ. ಚಿತ್ರದ ಹಲಗೆ ಕೊಟ್ಟಿದ್ದಾರೆ. ಬೇಕಾದ್ದಕ್ಕೆ ಬೆರಳು ತೋರಿಸೋದು. ಅಪ್ಪನ ಶನಿವಾರದ ಹೊತ್ತು ಬೇರೆಯವರಿಗೆ. ಕಾರಿಡಾರಿನಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. 'ಬಾಗಿಲು ಅಂದಿದ್ರಲ್ಲೇ ಮೊನ್ನೆ...'

ಅದೇ ದಿನ. ರಾತ್ರಿ 8.05

ಕೊನೆ ದಿನ ಅಂತ ಆಡಿದೆ. 7.52ಕ್ಕೆ ಅರವತ್ತಾಯ್ತು. ಪರದೆ ತುಂಬಾ ಬಂಗಾರದ ಕಿಡಿ. ಕ್ಯಾಪ್ಟನ್ 'ಡಾಕ್ಟ್ರಿಗೆ ಜೈ' ಅಂದ. ಗುಬ್ಬಿ ಕೂಡ ಚಪ್ಪಾಳೆ ಕಳಿಸಿದಳು.

ಏನೂ ಅನ್ನಿಸಲಿಲ್ಲ ಅಂತ ಬರೆದರೆ ಚೆನ್ನಾಗಿರ್ತಿತ್ತು. ಖುಷಿಯಾಯ್ತು. ತುಂಬಾ. ಅದೇ ಹೇಸಿಗೆ.

16, ಭಾನುವಾರ. ಬೆಳಿಗ್ಗೆ 11.00

ಕಾರ್ಡು ತೆಗೆದುಕೊಂಡು ಹೋಗಿ ಎದುರಿಗೆ ಕೂತೆ. ಅಪ್ಪ ಡಬ್ಬಿ ಪಕ್ಕಕ್ಕೆ ಸರಿಸಿದರು. ಸಿಟ್ಟಿನಿಂದಲ್ಲ. ಊಟ ಸಾಕು ಅಂತ ತಟ್ಟೆ ಸರಿಸೋ ಹಾಗೆ.

ಅಮ್ಮ ಹಲಗೆ ಹಿಡಿದುಕೊಂಡು ಕಲಿಸ್ತಿದ್ದಾಳೆ. ಹಾಸಿಗೆ, ಲೋಟ, ಫ್ಯಾನು. ಅಪ್ಪ ಬೆರಳು ಇಡ್ತಾರೆ. ಬೇಗ ಕಲಿತರು. ಬೆಳಿಗ್ಗೆಯಿಂದ ಬ್ರೇಕ್ ಅಂತಲೂ ಅಂದಿಲ್ಲ. ಮನೆಯಲ್ಲಿ ಇಷ್ಟು ಸದ್ದಿಲ್ಲದೆ ಯಾವತ್ತೂ ಇರಲಿಲ್ಲ.

ಗೇಮ್ ತೆರೆದಿಲ್ಲ. ತ್ಯಾಗ ಅಂತಲ್ಲ. ಗೇಮ್ ಆಡೋ ಕುರ್ಚಿಯಲ್ಲಿ ಕೂರೋಕೇ ಆಗ್ತಿಲ್ಲ.

18, ಮಂಗಳವಾರ. ರಾತ್ರಿ 8.50

ಅಮ್ಮನಿಗೆ ಹೇಳಿದೆ. ಬಟ್ಟೆ ಮಡಚ್ತಿದ್ದಳು.

'ಶೀಟ್ ಸುಳ್ಳು ಅಮ್ಮಾ.'

'ಯಾವ ಶೀಟು?'

'ಕಾರ್ಡಿಂದು. ನಾನು ಮಾಡಿಸಲೇ ಇಲ್ಲ. ಗೇಮ್ ಆಡ್ತಿದ್ದೆ.'

ಅಮ್ಮ ಅಪ್ಪನ ಅಂಗಿಯ ತೋಳು ಮಡಚಿ ಮುಗಿಸಿದಳು. ಇನ್ನೊಂದು ತೋಳನ್ನೂ.

'ಒಂದು ದಿನಾನೂ?'

'ಮೊದಲ ನಾಲ್ಕು ದಿನ ಮಾಡಿಸಿದೆ. ಐದನೇ ದಿನ ಎಂಟು ನಿಮಿಷ. ಆಮೇಲೆ ಇಲ್ಲ.'

'ಬಾಗಿಲು?'

'ಅಂದಿರಲಿಲ್ಲ.'

ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. 'ನಾನು ಆ ಬಾಗಿಲು ಹಿಡ್ಕೊಂಡು ಮೂರು ದಿನ ಬದುಕಿದ್ದೆ ಕಣೇ' ಅಂದಳು. ಮಡಚಿದ ಅಂಗಿ ಪಕ್ಕಕ್ಕಿಟ್ಟು — 'ನನ್ನ ಹತ್ರ ಹೇಳಿ ಹಗುರ ಮಾಡ್ಕೋಬೇಡ. ಆ ಮೇಡಂಗೆ ಹೋಗಿ ಹೇಳು. ಅಪ್ಪನಿಗೂ ಹೇಳು.'

'ಅಪ್ಪನಿಗೆ ಗೊತ್ತಲ್ಲಮ್ಮಾ.'

'ಗೊತ್ತಿರೋದು ಬೇರೆ. ನೀನು ಹೇಳೋದು ಬೇರೆ.'

20, ಗುರುವಾರ. ಸಂಜೆ 4.30

ಊಟದ ಬಿಡುವಿನಲ್ಲಿ ಆಸ್ಪತ್ರೆಗೆ. ಮೂರನೇ ಮಹಡಿಯಲ್ಲಿ ಇಪ್ಪತ್ತು ನಿಮಿಷ ಕಾದೆ. ಎರಡು ಸಲ ಎದ್ದು ಲಿಫ್ಟಿನ ತನಕ ಹೋಗಿ ವಾಪಸ್ ಬಂದೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಏನು ಗೇಮು ಅಂತ ಕೇಳಲಿಲ್ಲ. ಕೇಳಿದ್ದರೆ ಒಳ್ಳೇದಿತ್ತು, ಸರ್ವರ್ ಮೇಲಾದರೂ ತಪ್ಪು ಹಾಕ್ತಿದ್ದೆನೇನೋ.

'ಮಾಡಿಲ್ಲ ಅಂತ ಬರೆದಿದ್ರೆ ನಾನೇನೂ ಅಂತಿರಲಿಲ್ಲ' ಅಂದರು. 'ಎಷ್ಟೋ ಮನೇಲಿ ಆಗಲ್ಲ. ಖಾಲಿ ಬಿಟ್ಟಿದ್ರೂ ಸಾಕಿತ್ತು. ನೀವು ಬರೆದ ಅಂಕೆ ನಂಬಿ ನಾನು ಒಬ್ಬರ ಮಾತನ್ನೇ ಮುಗಿಸಿಬಿಡ್ತಿದ್ದೆ.'

ಕ್ಷಮಿಸಿ ಅಂದೆ. ಅವರು ಡೈರಿ ತಿರುವಿದರು. ಅಪ್ಪನ ಜಾಗ ಆಗಲೇ ಇನ್ನೊಬ್ಬರಿಗೆ ಹೋಗಿದೆ. ಮುಂದಿನದು ಐದು ವಾರಕ್ಕೆ. ಅಲ್ಲೀತನಕ ಮನೇಲೇ ಕಾರ್ಡು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಸುಲಭವಾಗಿ ಆಮೇಲೆ ಬರಲ್ಲವಂತೆ. ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಉಳಿದದ್ದು ಎರಡು, ಅದರಲ್ಲಿ ಐದು ವಾರ ಹೋಯ್ತು. ಯಾವ ಸುರುಳಿ ಬಿಚ್ಚಿದರೂ ಇದು ಡಬಲ್ ಆಗಲ್ಲ.

21, ಶುಕ್ರವಾರ. ಸಂಜೆ 6.00

ಅಪ್ಪನಿಗೆ ಹೇಳಿದೆ. ನೆಲದ ಮೇಲೆ ಕೂತು, ಅವರ ಮೊಣಕಾಲು ನೋಡ್ಕೊಂಡು. ಮುಖ ನೋಡೋಕೆ ಆಗಲಿಲ್ಲ.

ಮುಗಿದ ಮೇಲೆ ಅವರು ಕೈ ಚಾಚಿದರು. ತಲೆ ಸವರ್ತಾರೆ ಅಂದುಕೊಂಡೆ. ಅಲ್ಲ. ಶೀಟ್ ಬೇಕಿತ್ತು. ಕೊಟ್ಟೆ. ಪೆನ್ನು ತೋರಿಸಿದರು. ಕೊಟ್ಟೆ. ಎಡಗೈಯಲ್ಲಿ, ಒಂದೊಂದೇ ಸಾಲು ಹೊಡೆದು ಹಾಕಿದರು. ಏಳನೇ ತಾರೀಖು. ಎಂಟು. ಒಂಬತ್ತು. ಹದಿನಾಲ್ಕರ ತನಕ ಎಂಟು ಸಾಲು. ಒಂದೂ ತಪ್ಪಲಿಲ್ಲ. ಮೊದಲ ನಾಲ್ಕು ಸಾಲು ಮುಟ್ಟಲಿಲ್ಲ. ಆರನೇ ತಾರೀಖಿನ ಮೇಲೆ ಪೆನ್ನು ನಿಂತಿತು. ಯೋಚಿಸಿದರು. ಅರ್ಧ ಸಾಲು ಮಾತ್ರ ಹೊಡೆದರು.

ಆ ಎಂಟು ನಿಮಿಷವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ.

ಹದಿನೈದು ದಿನ ಆ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ತಲೆಯೊಳಗೆ ಇಟ್ಟುಕೊಂಡಿದ್ದರು. ಯಾರಿಗೂ ಹೇಳಲಾಗದೆ. ಹೇಳಬಹುದಾದ ಒಂದೇ ಸಲ, ಹೌದು ಅಂದರು.

ಆಮೇಲೆ ಡಬ್ಬಿ ತಾವೇ ಎಳೆದುಕೊಂಡರು. 30 ನಿಮಿಷ. 3 ಪದ. ಮೂರು ಅಂತಲೇ ಬರೆದೆ.

24, ಸೋಮವಾರ. ಸಂಜೆ 5.35

4 ಪದ. ಅಪ್ಪ ಇನ್ನೂ ಎದುರಿಗೇ ಕೂತಿದ್ದಾರೆ. ಕಾರ್ಡು ಮುಗಿದ ಮೇಲೆ ಸುಮ್ಮನೆ ಮಾತಾಡಿಸಿ, ಬಂದದ್ದನ್ನೆಲ್ಲ ಆಗಲೇ ಬರೆದಿಡಿ ಅಂದಿದ್ದಾರೆ ಮೇಡಂ. ಶೀಟಿನಲ್ಲಿ ಜಾಗ ಇಲ್ಲ, ಇಲ್ಲೇ ಬರೀತಿದ್ದೀನಿ.

ಕೇಳಿಬಿಟ್ಟೆ. 'ಅವತ್ತು ಯಾಕೆ ಹೌದು ಅಂದ್ರಿ ಅಪ್ಪಾ?'

ಬಾಯಿ ತೆರೆದರು. ಏನೂ ಬರಲಿಲ್ಲ. ಕಣ್ಣು ಮುಚ್ಚಿದರು. ಕತ್ತಿನ ನರ ಬಿಗೀತು. ಹಲಗೆ ಕಡೆ ಕೈ ಹೋಗಿ ವಾಪಸ್ ಬಂತು. ಅದರಲ್ಲಿ ಇದಕ್ಕೆ ಚಿತ್ರ ಎಲ್ಲಿದೆ.

'ನೀ...' ಅಂದರು.

ನೀರಾ ಅಪ್ಪಾ, ತರಲಾ ಅಂತ ಎದ್ದೆ. ಅಲ್ಲ ಅಂತ ತಲೆ ಆಡಿಸಿದರು. ಕೂತ್ಕೋ ಅಂತ ಕೈ ಮಾಡಿದರು. ಮತ್ತೆ ಶುರು ಮಾಡಿದ್ದಾರೆ. 'ನೀ...' ತುಟಿ ಮುಂದಕ್ಕೆ ಬರ್ತಿದೆ. ನನ್ನ ಮುಖಾನೇ ನೋಡ್ತಿದ್ದಾರೆ. ಪೆನ್ನು ಕೆಳಗಿಡ್ತಿ—