ಅಂಚಿನಲ್ಲಿ ಬರೆದ ಹೆಸರು

ಹಾಲುಬಾರೆ ಪೋಡು
ನಾಲ್ಕನೆಯ ಬಿದಿರಕ್ಕಿ ಕಳೆದು ಹನ್ನೊಂದನೆಯ ವರ್ಷ,
ಹೆಜ್ಜೇನಿನ ತಿಂಗಳು, ಸೋಮವಾರ

ಕೇತಮ್ಮಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು ಬೇದಮ್ಮ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ಬಿದಿರು ಹೂಬಿಟ್ಟು, ಅಕ್ಕಿ ಉದುರಿಸಿ, ಒಣಗಿ ಹೋಗುವುದನ್ನೇ ನಾವು ಕಾಲದ ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ. ನಿನ್ನ ಕ್ಯಾಲೆಂಡರಿನಲ್ಲಿ ಹೇಳುವುದಾದರೆ ನಿನ್ನಿಂದ ಸುಮಾರು ನೂರ ಅರವತ್ತೈದು ವರ್ಷ ಆಚೆ ಕೂತು ಬರೆಯುತ್ತಿದ್ದೇನೆ. ಸೋಮವಾರ ಮಾತ್ರ ಇನ್ನೂ ಸೋಮವಾರವೇ, ಅದನ್ನು ಬದಲಿಸುವ ಧೈರ್ಯ ಯಾರಿಗೂ ಬಂದಿಲ್ಲ. ನನ್ನ ಮಾತಿನಲ್ಲಿ ಅಲ್ಲಲ್ಲಿ ನಿನಗೆ ತಿಳಿಯದ ಪದ ಬಂದರೆ ಕ್ಷಮಿಸು, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿನಗೆ ಈಗ ಹತ್ತೊಂಬತ್ತು, ನನಗೆ ಅರವತ್ತೊಂದು. ಆದರೂ ನೀನು ಅಜ್ಜಿ, ನಾನು ಕೂಸು. ಅಜ್ಜಿಯರನ್ನು ಬಹುವಚನದಲ್ಲಿ ಕರೆಯುವ ರೂಢಿ ನಮ್ಮ ಪೋಡಿನ ಮನೆಗಳಲ್ಲಿ ಈಗಲೂ ಇಲ್ಲ, ಅದಕ್ಕೇ ನೀನು ಎನ್ನುತ್ತಿದ್ದೇನೆ.

ಕಾಗದ ನಿನ್ನನ್ನು ಹೇಗೆ ತಲುಪುತ್ತದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಹಿರಿಯರಿಗೆ ಏನಾದರೂ ಹೇಳುವುದಿದ್ದರೆ ಬರೆದು ಹಳೆಯ ಸಂಪಿಗೆ ಮರದ ಪೊಟರೆಯಲ್ಲಿ ಇಟ್ಟು ಬರುತ್ತೇವೆ. ಇಟ್ಟ ಕಾಗದ ಮರುದಿನ ಅಲ್ಲಿರುವುದಿಲ್ಲ. ಅಳಿಲು ಒಯ್ಯುತ್ತದೆ ಎನ್ನುವವರಿದ್ದಾರೆ. ಇರಲಿ, ಈಗ ನನಗೆ ಹೇಳದೆ ತಡೆಯಲಾಗುತ್ತಿಲ್ಲ. ಬೆಳಿಗ್ಗೆಯಿಂದ ಸಂತೋಷಕ್ಕೆ ಒಂದು ಕಡೆ ಕೂರಲಾಗುತ್ತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಅದೇ ಕಾರಣ.

ಮೊದಲು ನಮ್ಮ ಊರು ಹೇಗಿದೆ ಹೇಳುತ್ತೇನೆ, ನಿನಗೆ ಖುಷಿಯಾಗುತ್ತದೆ. ನೀನು ಬೈಯುತ್ತಾ ಕಿತ್ತುಹಾಕುತ್ತಿದ್ದೀಯಲ್ಲ, ಆ ಲಂಟಾನ, ಅದು ಈಗ ಇಡೀ ಬೆಟ್ಟದಲ್ಲಿ ಒಂದೇ ಒಂದು ಗಿಡ ಉಳಿದಿದೆ. ಅದಕ್ಕೆ ಸುತ್ತ ಬೇಲಿ ಹಾಕಿ, ಮಕ್ಕಳಿಗೆ ತೋರಿಸಿ, ಹೂ ಬಿಡುವ ಮೊದಲು ಸವರುತ್ತೇವೆ. ನಿನ್ನ ಕಾಲದಲ್ಲಿ ತಡೆಹಿಡಿದಿದ್ದ ತರಗು ಬೆಂಕಿ ಮತ್ತೆ ಬಂದಿದೆ. ಬೇಸಿಗೆ ಏರುವ ಮುಂಚೆ ಒಣ ಎಲೆಯನ್ನಷ್ಟೇ ಸುಡುವ ತಣ್ಣನೆಯ ಬೆಂಕಿ ಅದು, ಪಕ್ಕದಲ್ಲೇ ನಡೆದುಕೊಂಡು ಹೋಗಬಹುದು. ಆನೆಗಳಿಗೆಂದು ರಸ್ತೆಗಳನ್ನು ಬಿಟ್ಟುಕೊಟ್ಟದ್ದರಿಂದ ಆಸ್ಪತ್ರೆ ನಮ್ಮಲ್ಲಿಗೆ ಆಕಾಶದಲ್ಲಿ ಬರುತ್ತದೆ. ತೂಗಾಸ್ಪತ್ರೆ ಎಂದರೆ ಮರಗಳ ಮೇಲೆ ಹಗ್ಗದ ಗುಂಟ ಜಾರಿ ಬರುವ ದೊಡ್ಡ ಪೆಟ್ಟಿಗೆ, ಒಳಗೆ ಹಾಸಿಗೆ, ಯಂತ್ರ, ಡಾಕ್ಟರ್ ಫಿರ್ದೋಸ್. ಮೂಳೆ ಮುರಿದರೆ, ಹೆರಿಗೆ ಕಷ್ಟವಾದರೆ, ಜ್ವರ ಇಳಿಯದಿದ್ದರೆ ಆಕೆ. ಮಿಕ್ಕದ್ದಕ್ಕೆ ಮದ್ದಿನ ಮನೆ, ಅಂದರೆ ನಾನು. ನಮ್ಮಿಬ್ಬರಿಗೂ ಜಗಳವಿಲ್ಲ. ಅವರು ನನ್ನಲ್ಲಿಗೆ ಮಂಡಿ ನೋವಿಗೆ ಬರುತ್ತಾರೆ, ನಾನು ಅವರಲ್ಲಿಗೆ ಹಲ್ಲು ಕೀಳಿಸಿಕೊಳ್ಳಲು ಹೋಗುತ್ತೇನೆ. ಮದ್ದಿನ ಮನೆಯ ಬಾಗಿಲಲ್ಲಿ ಒಂದು ಕೇಳುಗಲ್ಲು ಇದೆ. ಬಂದವರು ಅದರ ಮೇಲೆ ಕೂತು, ಮೊದಲು ನೋವಿನ ವಿಷಯ ಬಿಟ್ಟು ಬೇರೆ ಎಲ್ಲ ಮಾತಾಡಬೇಕು. ಮಳೆ, ಮಗಳು, ರಾಗಿ, ಹಂದಿ ಕಾಟ, ಏನಾದರೂ ಸರಿ. ಆಮೇಲೇ ನೋವು.

ಈ ಮದ್ದಿನ ಮನೆಯ ದೇವರು ಯಾವುದು ಗೊತ್ತೇ? ನಿನ್ನ ನೋಟ್‌ಬುಕ್. ನಗಬೇಡ. ನೀನು ಈಗ ಬರೆಯುತ್ತಿರುವ, ಮೇಲೆ ನವಿಲಿನ ಚಿತ್ರವಿರುವ ಇನ್ನೂರು ಪುಟದ ಅದೇ ನೋಟ್‌ಬುಕ್. ಮೊದಲ ಪುಟದಲ್ಲಿ ‘ನಮ್ಮ ಅಜ್ಜಿ ಹೇಳಿದ ಮದ್ದುಗಳು, ಎರಡನೇ ಸಲ ಬರೆದದ್ದು, ಕೇತಮ್ಮ, ನರ್ಸಿಂಗ್ ಮೊದಲ ವರ್ಷ’ ಎಂದಿದೆ. ಒಳಗೆ ಅರವತ್ತಮೂರು ಮದ್ದು, ಒಂದೊಂದಕ್ಕೆ ಒಂದು ಪುಟ. ಯಾರಿಗೆ ಕೊಟ್ಟದ್ದು, ಯಾವ ಬೇರು, ಎಷ್ಟು ಎಲೆ, ಎಷ್ಟು ದಿನ, ಎಲ್ಲ ನೀಲಿ ಶಾಯಿಯಲ್ಲಿ ಮುತ್ತು ಪೋಣಿಸಿದಂತೆ ಬರೆದಿದ್ದೀಯ. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಹೆಸರು. ಅದು ಯಾರ ಹೆಸರು, ಯಾಕೆ, ಒಂದು ಮಾತು ಬರೆಯಬಾರದಿತ್ತೇ ಮಹಾತಾಯಿ!

ನೀನು ಬರೆಯಲಿಲ್ಲ, ನಾವು ತಲೆ ಓಡಿಸಿದೆವು. ಅದು ಎಲೆ ಕಿತ್ತು ತಂದವರ ಹೆಸರು ಎಂದು ನನ್ನ ಮುತ್ತಜ್ಜಿಯ ಕಾಲದಲ್ಲಿ ತೀರ್ಮಾನವಾಯಿತು. ಅಲ್ಲಿಂದ ಹುಟ್ಟಿದ್ದು ಎಲೆಗಾರ ಎಂಬ ಹುದ್ದೆ. ಮದ್ದಿಗೆ ಎಲೆ ಬೇಕಾದರೆ ಎಲೆಗಾರನೇ ತರಬೇಕು. ಅವನಿಗೆ ಕೆಂಪು ಪೇಟ, ಕೈಯಲ್ಲಿ ಬೆತ್ತದ ಬುಟ್ಟಿ, ರೊಟ್ಟಿ ಹಬ್ಬದಲ್ಲಿ ಮೊದಲ ರೊಟ್ಟಿ. ಈಗಿನ ಎಲೆಗಾರ ಮಾದಪ್ಪ ಆ ಪೇಟ ತೆಗೆದು ಮಲಗುತ್ತಾನೋ ಇಲ್ಲವೋ ಎಂದು ಅವನ ಹೆಂಡತಿಯನ್ನೇ ಕೇಳಬೇಕು. ಅರೆಯುವ ಕೆಲಸ ಮಾತ್ರ ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಅದಕ್ಕೆ ಬಿಸಿಲುಗಾಣ ಇದೆ, ಬಿಸಿಲಿನ ಬಲದಲ್ಲಿ ತಿರುಗುವ ಕಲ್ಲು. ಎಲೆ ಹಾಕಿದರೆ ಕ್ಷಣದಲ್ಲಿ ಬೆಣ್ಣೆಯಂತೆ ಅರೆದು ಕೊಡುತ್ತದೆ.

ಈಗ ನನ್ನ ಅಕ್ಕನ ವಿಷಯ. ಜಡೆಮ್ಮ ನನಗಿಂತ ಆರು ವರ್ಷ ದೊಡ್ಡವಳು. ಎರಡು ಮಳೆಗಾಲದ ಹಿಂದೆ ಭಾವ ತೀರಿಕೊಂಡ ಮೇಲೆ ಅವಳು ಒಳಗಾದಳು. ಈ ಮಾತು ನಿನ್ನದೇ, ಅರವತ್ತಮೂರನೆಯ ಪುಟದ್ದು. ‘ಒಳಗಾದವರಿಗೆ’ ಎಂದು ತಲೆಬರಹ ಕೊಟ್ಟು, ಅಂಗಳಕ್ಕೆ ಬಾರದವರು, ಉಣ್ಣದವರು, ಕರೆದರೆ ತಿರುಗಿ ನೋಡದವರು ಎಂದು ಬರೆದಿದ್ದೀಯ. ಡಾಕ್ಟರ್ ಫಿರ್ದೋಸ್ ಮೂರು ಸಲ ನೋಡಿದರು, ಮಾತ್ರೆ ಕೊಟ್ಟರು, ಪಕ್ಕದಲ್ಲಿ ಗಂಟೆಗಟ್ಟಲೆ ಕೂತರು. ರಾತ್ರಿ ನಿದ್ದೆ ಬರುವಷ್ಟಾಯಿತು, ಅಷ್ಟೇ. ನಾನು ನಿನ್ನ ಪುಟ ನೋಡಿ ಒಂದೆಲಗ, ಮಾಗಳಿ ಬೇರು, ಜೇನು ಎಲ್ಲ ಅಳತೆ ತಪ್ಪದೆ ಬಿಸಿಲುಗಾಣದಲ್ಲಿ ಅರೆಸಿ ಕಳಿಸಿದೆ. ಕಳಿಸಿದೆ ಅಂದೆ, ಕೊಟ್ಟೆ ಅನ್ನಲಿಲ್ಲ, ಗಮನಿಸು. ಅಕ್ಕನ ಮಗಳ ಕೈಯಲ್ಲಿ ಕಳಿಸುತ್ತಿದ್ದೆ. ಯಾಕೆಂದರೆ ಅಕ್ಕ ನನ್ನೊಡನೆ ಮಾತು ಬಿಟ್ಟು ಒಂಬತ್ತು ವರ್ಷ.

ತಪ್ಪು ನನ್ನದೇ. ಅವ್ವ ಹೋದಾಗ ಅವ್ವನ ಅರೆಯುವ ಕಲ್ಲನ್ನು ಅಕ್ಕನಿಗೆ ಒಂದು ಮಾತು ಹೇಳದೆ ಮದ್ದಿನ ಮನೆಗೆ ತಂದೆ. ಊರಿನ ಆಸ್ತಿ, ಊರಿನಲ್ಲಿರಲಿ ಎಂದು ದೊಡ್ಡ ಭಾಷಣ ಮಾಡಿದೆ. ತಂದು ಮಾಡಿದ್ದೇನು? ಮೂಲೆಯಲ್ಲಿಟ್ಟು, ದಿನಾ ಒಂದು ಹೂ ಏರಿಸಿ, ನೋಡಲು ಬಂದವರಿಗೆ ತೋರಿಸಿದ್ದು. ಒಂದು ಎಲೆಯನ್ನೂ ಅದರ ಮೇಲೆ ಅರೆಯಲಿಲ್ಲ. ಅಕ್ಕನ ಅಂಗಳದಲ್ಲಿ ಆ ಕಲ್ಲು ಇದ್ದ ಜಾಗದಲ್ಲಿ ಇವತ್ತಿಗೂ ಗುಳಿ ಇದೆ, ಅದನ್ನು ಅವಳು ಮುಚ್ಚಿಲ್ಲ. ಕಳೆದ ತಿಂಗಳು ಅವಳು ಗಂಜಿಯನ್ನೂ ಬಿಟ್ಟಾಗ, ಅಕ್ಕನನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ ನನಗೆ ಮೊದಲ ಸಲ ಬಂತು.

ಮೊನ್ನೆ ಮಧ್ಯಾಹ್ನ ಮದ್ದಿನ ಮನೆಯ ಮುಂದೆ ಹುಡುಗಿಯರು ಹಗ್ಗ ಜಿಗಿಯುತ್ತಿದ್ದರು. ನಾನೂ ಜಿಗಿದ ಹಾಡೇ, ಅರವತ್ತು ವರ್ಷದಿಂದ ಕೇಳಿದ್ದೇ.

ದುಂಡಮ್ಮನ ಕೋಳಿ ಎಲ್ಹೋಯ್ತು?
ಹೊಂಬಮ್ಮನ ಹಿತ್ತಿಲಿಗ್ ಹೋಯ್ತು
ಕೋಳಿ ಬಂತು, ಮೊಟ್ಟೆ ಬರ್ನಿಲ್ಲ
ದುಂಡಮ್ಮ ಹೊಂಬಮ್ಮ ಮಾತಿಲ್ಲ!

ನನ್ನ ತೊಡೆಯ ಮೇಲೆ ನಿನ್ನ ನೋಟ್‌ಬುಕ್ಕಿನ ಹದಿನೇಳನೆಯ ಪುಟ ತೆರೆದಿತ್ತು. ಸೊಂಟ ನೋವಿನ ಮದ್ದು. ಯಾರಿಗೆ? ದುಂಡಮ್ಮನಿಗೆ. ಅಂಚಿನಲ್ಲಿ? ಹೊಂಬಮ್ಮ! ಹುಡುಗಿಯರನ್ನು ನಿಲ್ಲಿಸಿ, ಮುಂದಿನದು ಹಾಡಿ ಎಂದೆ. ಅಚ್ಚುಗೇಗೌಡನ ಹಲಸಿನ ಮರ, ಕುನ್ನಯ್ಯನ ಬೇಲಿಯಾಚೆ ಹಣ್ಣು, ಅವರಿಬ್ಬರಿಗೂ ಮಾತಿಲ್ಲ. ಪುಟ ತಿರುವಿದೆ. ಅಚ್ಚುಗೇಗೌಡನ ಕೆಮ್ಮಿಗೆ ಆಡುಸೋಗೆ, ಅಂಚಿನಲ್ಲಿ ಕುನ್ನಯ್ಯ. ಹಾಡಿನಲ್ಲಿ ಹನ್ನೊಂದು ಜೋಡಿ ಜಗಳಗಂಟರು, ಹನ್ನೊಂದು ಜೋಡಿಯೂ ನಿನ್ನ ಪುಸ್ತಕದಲ್ಲಿ! ನಾನು ಒಂದೇ ಹಾಡನ್ನು ಆರು ಸಲ ಹಾಡಿಸಿದ ಮೇಲೆ ಹುಡುಗಿಯರು ಬೇದಜ್ಜಿಗೆ ಏನೋ ಆಗಿದೆ ಎಂದು ಹೆದರಿ ಓಡಿಹೋದರು.

ಓಡಿದ್ದು ನಾನೂ, ಪೋಡಿನ ಯಜಮಾನ ಸೀಗೇಗೌಡರ ಮನೆಗೆ. ತೊಂಬತ್ತನಾಲ್ಕು ವರ್ಷದ ಮುದುಕ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಮಾತು ಬಿಟ್ಟವರ ಕೈಯಲ್ಲೇ ಮದ್ದು ಅರೆಸುತ್ತಿದ್ದರೇ ಎಂದು ಏದುಸಿರು ಬಿಡುತ್ತಾ ಕೇಳಿದೆ.

“ಅದೇನ್ ಹೊಸ್ದಾ ಕೂಸೇ? ಕಾಯ್ಲೆ ಬಿದ್ದೋರ್ ಬಾಗ್ಲಲ್ಲಿ, ಅವ್ರ್ ಕಣ್ಮುಂದೆ, ಮುನಿಸ್ಕೊಂಡಿರೋರೇ ಬಂದು ಅರೀಬೇಕು. ನಮ್ಮಜ್ಜಿ ಹೇಳೋಳು,” ಎಂದರು.

“ಮತ್ತೆ ಇಷ್ಟ್ ದಿನ ಯಾಕ್ ಹೇಳ್ನಿಲ್ಲ ತಾತಾ?”

“ನೀವ್ಯಾರೂ ಕೇಳ್ನಿಲ್ಲ. ಎಲ್ರುಗೂ ಗೊತ್ತಿರೋದ್ನ ಯಾರಾದ್ರೂ ಹೇಳಾರಾ?”

ಅಜ್ಜಿ, ಆಗ ನಿನ್ನ ಮೇಲಿನ ಸಿಟ್ಟೆಲ್ಲ ಇಳಿಯಿತು. ನೀನೂ ಅದಕ್ಕೇ ಬರೆಯಲಿಲ್ಲ. ಅನ್ನಕ್ಕೆ ನೀರು ಹಾಕಬೇಕೆಂದು ಯಾರೂ ಬರೆದಿಡುವುದಿಲ್ಲವಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಒಂದೊಂದು ತಲೆಯಾಗಿ ಕಳೆದು, ಕೊನೆಗೆ ಒಬ್ಬ ಮುದುಕನ ಬಳಿ ಉಳಿಯಿತು. ವಿಷಯ ತಿಳಿದ ಮಾದಪ್ಪ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಪಾಪ, ಅವನಿಗೆ ಬೇರೆ ಏನಾದರೂ ಕೆಲಸ ಹುಡುಕಬೇಕು.

ಎರಡು ದಿನ ನಾನು ಕುಣಿದಾಡಿದೆ, ಆದರೆ ಅಕ್ಕನ ಮನೆಯ ಕಡೆ ಹೋಗಲಿಲ್ಲ. ಕಂಡುಹಿಡಿದದ್ದು ಬೇರೆ, ತಲೆ ತಗ್ಗಿಸಿ ಹೋಗುವುದು ಬೇರೆ. ಇವತ್ತು ಬೆಳಿಗ್ಗೆ ಎದ್ದು, ಹೂ ತೆಗೆದು, ಅವ್ವನ ಕಲ್ಲನ್ನು ತಲೆಯ ಮೇಲೆ ಹೊತ್ತೆ. ಮಾದಪ್ಪ ಬಂದು ತನ್ನ ಪೇಟವನ್ನೇ ಸಿಂಬಿ ಸುತ್ತಿ ಕೊಟ್ಟ. ಮೂರು ಕಡೆ ಇಳಿಸಿ ಸುಧಾರಿಸಿಕೊಂಡೆ. ದಾರಿಯುದ್ದಕ್ಕೂ ಜನ ನೋಡಿದರು. ಅಕ್ಕನ ಅಂಗಳದ ಗುಳಿಯಲ್ಲಿ ಕಲ್ಲು ಇಟ್ಟಾಗ ಅದು ಸರಿಯಾಗಿ ಕೂತಿತು. ಬಾಗಿಲು ತೆರೆದಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಅಂಗಳದಲ್ಲೇ ಕೂತು ಒಂದೆಲಗ ಹಾಕಿ ಅರೆಯಲು ಶುರುಮಾಡಿದೆ. ಅರವತ್ತೊಂದರ ಮಂಡಿ, ಬಿಸಿಲುಗಾಣ ನಂಬಿ ಕೆಟ್ಟ ಕೈ. ಎಲೆ ಆಚೆ ಹಾರಿತು, ಅರೆಯುವ ಗುಂಡು ಬೆರಳಿನ ಮೇಲೆ ಬಿತ್ತು. ಅಳು ಬಂತು, ಅಳುತ್ತಲೇ ಅರೆದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

“ನೀರ್ ಜಾಸ್ತಿ ಹಾಕ್ಬುಟ್ಟೆ.”

ಒಂಬತ್ತು ವರ್ಷದ ಮೇಲೆ ಅಕ್ಕ ನನಗೆ ಆಡಿದ ಮೊದಲ ಮಾತು ಅದು! ತಲೆ ಎತ್ತಿದರೆ ಹೊಸ್ತಿಲ ಮೇಲೆ ಗೋಡೆ ಹಿಡಿದು ನಿಂತಿದ್ದಾಳೆ, ಕಡ್ಡಿಯ ಹಾಗೆ.

“ಅವ್ವ ಹಿಂಗಾ ಅರೀತಿದ್ದದ್ದು? ಸರ್ಕೋ ಅತ್ಲಾಗೆ.”

ಅಂಗಳಕ್ಕೆ ಇಳಿದಳು. ಕೂತಳು. ನಾಲ್ಕು ಸಲ ಗುಂಡು ಎಳೆದು ಸುಸ್ತಾಗಿ ನನ್ನ ಭುಜಕ್ಕೆ ಒರಗಿದಳು. ಮದ್ದು ನೆಕ್ಕಿ ಮುಖ ಸಿಂಡರಿಸಿದಳು, ಆಮೇಲೆ ನಾಲ್ಕು ಚಮಚ ರಾಗಿ ಗಂಜಿ ಕುಡಿದಳು. ಪೂರಾ ಗುಣವಾಯಿತು ಎಂದು ನಾನು ಹೇಳುವುದಿಲ್ಲ. ನಾಳೆಯೂ ಅರೆಯಬೇಕು, ನಾಡಿದ್ದೂ. ಡಾಕ್ಟರ್ ಫಿರ್ದೋಸ್ ಗುರುವಾರ ಬಂದು ನೋಡುತ್ತಾರೆ, ಮಾತ್ರೆಯೂ ಮುಂದುವರಿಯುತ್ತದೆ. ಆದರೆ ನಾಳೆ ಬಾ ಎಂದು ಅಕ್ಕನೇ ಹೇಳಿ ಕಳಿಸಿದ್ದಾಳೆ, ಅವ್ವನ ಸೊಲ್ಲಿನಲ್ಲೇ, ಬೈದುಕೊಂಡೇ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಮನೆಗೆ ಬಂದು ನಿನ್ನ ಪುಸ್ತಕಕ್ಕೆ ಕೈಮುಗಿಯಲು ಅರವತ್ತಮೂರನೆಯ ಪುಟ ತೆರೆದೆ. ಎರಡು ವರ್ಷದಿಂದ ದಿನಾ ನೋಡಿದ ಪುಟ. ‘ಒಳಗಾದವರಿಗೆ’ ಎಂಬುದರ ಕೆಳಗೆ, ಯಾರಿಗೆ ಎಂಬಲ್ಲಿ, ‘ಅವ್ವನಿಗೆ’ ಎಂದು ಬರೆದಿದ್ದೀಯ. ಅಂಚು ಮಾತ್ರ ಖಾಲಿ. ಅರವತ್ತೆರಡು ಪುಟಕ್ಕೆ ಹೆಸರಿದೆ, ಈ ಒಂದಕ್ಕೆ ಇಲ್ಲ. ಮರೆತೆ ಎಂದು ನಂಬಲು ನಾನೇನು ಮಗುವೇ?

ನಮ್ಮ ಮನೆಯಲ್ಲಿ ನಿನ್ನ ಕಥೆ ಇನ್ನೂ ಹೇಳುತ್ತಾರೆ. ಮದ್ದು ಕಾಗದಕ್ಕೆ ಇಳಿದರೆ ಊರವರ ಕೈ ತಪ್ಪಿ ಯಾರದೋ ಪಾಲಾಗುತ್ತದೆ ಎಂದು ಹೆದರಿ ನಿನ್ನವ್ವ ಮೊದಲ ನೋಟ್‌ಬುಕ್ಕನ್ನು ಒಲೆಗೆ ಹಾಕಿದಳು. ನೀನು ಅಂದಿನಿಂದ ಅವಳೊಡನೆ ಮಾತು ಬಿಟ್ಟು, ಛಲ ಹಿಡಿದು ಎರಡನೆಯದು ಬರೆದೆ. ನಿನ್ನವ್ವ ಒಳಗಾದಳು. ಕೊನೆಯವರೆಗೂ ತಾಯಿ ಮಗಳು ಮಾತಾಡಲಿಲ್ಲ ಎಂದೇ ಕಥೆ ಮುಗಿಯುತ್ತದೆ. ನಿನ್ನ ಅಜ್ಜಿ ನಿನಗೆ ಆ ಮದ್ದು ಹೇಳಿದಾಗ, ಯಾರು ಅರೆಯಬೇಕು ಎಂಬುದನ್ನೂ ಹೇಳಿದ್ದಾಳೆ. ನಿನಗೆ ಗೊತ್ತು. ಅದಕ್ಕೇ ಪೆನ್ಸಿಲು ಅಲ್ಲಿ ನಿಂತಿತು.

ನಿನ್ನ ಸಿಟ್ಟಿಗೆ ಕಾರಣವಿದೆ, ಇಲ್ಲ ಎನ್ನುವುದಿಲ್ಲ. ನಿನ್ನವ್ವನ ಹೆದರಿಕೆಗೂ ಇತ್ತು, ಅದರ ಕಥೆಯೇ ದೊಡ್ಡದು. ನೀನು ಬರೆದದ್ದಕ್ಕೆ ನಾವು ಉಳಿದುಕೊಂಡೆವು, ಅದಕ್ಕೆ ನಿನ್ನ ಪಾದ ಮುಟ್ಟುತ್ತೇನೆ. ಈಗ ನನ್ನದೊಂದು ಬೇಡಿಕೆ. ಈ ಕಾಗದ ನಿನ್ನ ಕೈ ಸೇರಿದ ದಿನ ನಿನ್ನವ್ವ ಇನ್ನೂ ಬದುಕಿರಲಿ, ಗೋಡೆಯ ಕಡೆ ಮುಖ ಮಾಡಿಯಾದರೂ ಮಲಗಿರಲಿ ಎಂದೇ ನನ್ನ ಆಸೆ. ಹಾಸ್ಟೆಲಿನಿಂದ ಮೊದಲ ಬಸ್ಸು ಹಿಡಿ. ಒಂದೆಲಗ ನಿಮ್ಮ ಹಳ್ಳದ ಪಕ್ಕದಲ್ಲೇ ಇದೆ. ಅಂಗಳದಲ್ಲಿ ಕೂತು ಅರೆ. ಮಾತು ನೀನೇ ಶುರುಮಾಡಬೇಕಾಗಿಲ್ಲ, ನೀರು ಸ್ವಲ್ಪ ಜಾಸ್ತಿ ಹಾಕು, ಸಾಕು.

ನಿನ್ನ ನೋಟ್‌ಬುಕ್ ನನ್ನ ಪಕ್ಕದಲ್ಲೇ ಮುಚ್ಚಿಟ್ಟಿದೆ. ಈ ಕಾಗದವನ್ನು ಪೊಟರೆಯಲ್ಲಿ ಇಟ್ಟು ಬಂದು, ಕೈ ತೊಳೆದು, ಅರವತ್ತಮೂರನೆಯ ಪುಟ ಮತ್ತೆ ತೆರೆಯುತ್ತೇನೆ. ಅಂಚಿನಲ್ಲಿ ನಿನ್ನದೇ ಪೆನ್ಸಿಲಿನಲ್ಲಿ ಕೇತಮ್ಮ ಎಂದು ಬರೆದಿರಲಿ ಅಜ್ಜಿ.

ನಿನ್ನ ಕೂಸು,
ಬೇದಮ್ಮ