ಕೆರೆಯ ಸುದ್ದಿ ಕೂಡದು

ಬಕ್‌ನರ್ ಲ್ಯಾಂಡಿಂಗ್, ಟೆನ್ನೆಸ್ಸಿ
ಜೂನ್ ೧೧, ಮಂಗಳವಾರ

ಪ್ರೀತಿಯ ತಂಗಿ ವರ್ನಾಳಿಗೆ,

ನಿನ್ನ ಕಾಗದ ಈಸ್ಟರ್ ವಾರದಲ್ಲೇ ಬಂದಿತ್ತು. ನಾನು ಉತ್ತರಕ್ಕೆ ಕೂರುವಷ್ಟರಲ್ಲಿ ಜೂನ್ ಆಗಿದೆ. ಬೈಯಬೇಡ. ಬೈಯಲು ಇಲ್ಲಿ ನಿನ್ನ ಅತ್ತಿಗೆ ಮೇವಿಸ್ ಒಬ್ಬಳೇ ಸಾಕು. ಬೆರಳ ಗಂಟು ನೋಯುತ್ತಿತ್ತು ಎಂದು ನೆಪ ಹೇಳಬಹುದಿತ್ತು, ಆದರೆ ಸಂಗತಿ ಅದಲ್ಲ. ನನ್ನ ಬಾಯಿಗೂ ಪೆನ್ನಿಗೂ ಬೀಗ ಬಿದ್ದಿತ್ತು. ಹಾಕಿದವಳು ನನ್ನ ಮಗಳು ಕೆಂಡ್ರಾ.

ಅವಳು ಊರೂರಿಗೆ ದೋಣಿ ಎಳೆದುಕೊಂಡು ಹೋಗಿ ಬ್ಯಾಸ್ ಮೀನಿನ ಪಂದ್ಯಗಳಲ್ಲಿ ಗಾಳ ಹಾಕುವುದು ನಿನಗೆ ಗೊತ್ತೇ ಇದೆ. ಮದುವೆ ಮುರಿದ ಮೇಲೆ ಅದೇ ಅವಳ ಕಸುಬು. ಫ್ಲಾರಿಡಾದಿಂದ ಟೆಕ್ಸಸ್‌ವರೆಗೆ ನೀರು ಕಂಡಲ್ಲೆಲ್ಲ ಹೋಗಿದ್ದಾಳೆ, ಒಮ್ಮೆಯೂ ಗೆದ್ದಿರಲಿಲ್ಲ. ಈ ವರ್ಷ ದೊಡ್ಡ ಪಂದ್ಯ ನಮ್ಮ ಕೆರೆಗೇ ಬಂತು. ನಾನು ಕುಣಿದುಬಿಟ್ಟೆ. ಈ ನೀರಿನ ಅಡಿಯಲ್ಲಿ ಯಾವ ಬೇಲಿ ಎಲ್ಲಿ ಹೋಗಿತ್ತು ಎಂಬುದು ನನಗೆ ಗೊತ್ತು, ನಿನಗೆ ಗೊತ್ತು, ಉಳಿದವರು ಸಮಾಧಿಯಲ್ಲಿದ್ದಾರೆ.

ಆದರೆ ಪಂದ್ಯಕ್ಕೆ ತಿಂಗಳಿರುವಾಗ ಕೆರೆ ಮುಚ್ಚುತ್ತಾರೆ. ಅಂದರೆ ಸ್ಪರ್ಧಿಗಳು ಅಭ್ಯಾಸದ ದಿನ ಬರುವವರೆಗೆ ನೀರಿಗೆ ಇಳಿಯುವಂತಿಲ್ಲ. ಮೀನು ಎಲ್ಲಿದೆ ಎಂದು ಹೊರಗಿನ ಯಾರನ್ನೂ ಕೇಳುವಂತಿಲ್ಲ. ಕೇಳದೆ ಯಾರಾದರೂ ಹೇಳಿದರೂ ಅದನ್ನು ಬಳಸುವಂತಿಲ್ಲ. ಸಿಕ್ಕಿಬಿದ್ದರೆ ಹಿಡಿದ ಮೀನೆಲ್ಲ ಸೊನ್ನೆ, ಮೇಲೆ ಕಳ್ಳ ಎಂಬ ಹೆಸರು. ಕೆರೆ ಮುಚ್ಚಿದ ದಿನವೇ ಫೋನ್ ಬಂತು.

"ಅಪ್ಪಾ, ಇವತ್ತಿಂದ ಕೆರೆ ಸುದ್ದಿ ಕೂಡದು. ನೀರು ಏರ್ತು, ಇಳೀತು ಅಂತಾನೂ ಹೇಳ್ಬೇಡ."

"ಮತ್ತೆ ನಿನ್ ಜೊತೆ ಏನ್ ಮಾತಾಡ್ಲಿ?"

"ಅಮ್ಮನ ಮೊಣಕಾಲಿನ ವಿಷಯ ಮಾತಾಡು."

"ನಿಮ್ಮಮ್ಮನ ಮೊಣಕಾಲಲ್ಲಿ ಮಾತಾಡೋಕೆ ಏನಿದೆ?"

ಅಡುಗೆಮನೆಯಿಂದ ಮೇವಿಸ್ ಕೂಗಿದಳು: "ನೋವಿದೆ! ಒಂದಿನಾನಾದ್ರೂ ಕೇಳಿದ್ಯಾ?"

ನಿನಗೂ ಬರೆಯಬಾರದು ಎಂದಳು ಕೆಂಡ್ರಾ. ನೀನು ಪ್ರತಿ ಭಾನುವಾರ ಅವಳಿಗೆ ಫೋನ್ ಮಾಡುತ್ತೀಯಲ್ಲ, ಬಾಯಿ ತಪ್ಪಿ ಏನಾದರೂ ಹೇಳಿಬಿಟ್ಟರೆ? ಕೆರೆ ಬಿಟ್ಟು ಬರೆಯಲು ನನ್ನ ಹತ್ತಿರ ಇನ್ನೇನಿದೆ? ಅದಕ್ಕೇ ಸುಮ್ಮನಿದ್ದೆ.

ನೀನು ಓಹಾಯೊ ಸೇರಿದ ಮೇಲೆ ಈ ಆಟ ತುಂಬ ಬದಲಾಗಿದೆ ಕಣೇ. ಹಿಡಿದಷ್ಟೂ ನಿನ್ನದಲ್ಲ. ದಿನಕ್ಕೆ ಐದೇ ಮೀನು ತೂಕಕ್ಕೆ. ಆರನೆಯದು ದೊಡ್ಡದು ಸಿಕ್ಕಿದರೆ ಚಿಕ್ಕದನ್ನು ಆಗಲೇ ನೀರಿಗೆ ಬಿಡಬೇಕು. ಐದನ್ನೂ ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿ ತರಬೇಕು, ಸತ್ತರೆ ತೂಕದಲ್ಲಿ ಕಡಿತ. ಒಂದು ನಿಮಿಷ ತಡವಾಗಿ ದಡಕ್ಕೆ ಬಂದರೆ ಒಂದು ಪೌಂಡ್ ಕಡಿತ. ಬಲೆಯಲ್ಲಿ ಎತ್ತುವಂತಿಲ್ಲ, ಕೈಯಲ್ಲೇ ಎತ್ತಬೇಕು. ಕೊನೆಗೆ ತೂಗಿದ ಮೀನನ್ನೆಲ್ಲ ವಾಪಸು ಕೆರೆಗೆ ಬಿಡಬೇಕು! ನಮ್ಮಪ್ಪ ಇದ್ದಿದ್ದರೆ, ಹಿಡಿದು ಮುದ್ದು ಮಾಡಿ ಕಳಿಸುವುದಾದರೆ ಹಿಡಿದದ್ದೇಕೆ ಎಂದು ಉಗಿಯುತ್ತಿದ್ದ. ನಾನೂ ಮೊದಮೊದಲು ಉಗಿದೆ. ಈಗ ನೋಡು, ಎಲ್ಲೇ ತೂಕ ನಡೆಯಲಿ, ಮಡಚುವ ಕುರ್ಚಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ದೊಡ್ಡ ಇಂಜಿನ್ ಓಡುವಾಗ ಲೈಫ್ ಜಾಕೆಟ್ ಬಿಚ್ಚಿಕೊಂಡ ಒಬ್ಬನಿಗೆ ದಡದಿಂದಲೇ ಕೂಗಿ ಮರ್ಯಾದೆ ಕಳೆದಿದ್ದೇನೆ. ನಿಯಮ ಅಂದರೆ ನಿಯಮ. ಅಂಥವನು ನಾನೇ ಹೇಗೆ ಎಡವಿದೆ, ಕೇಳು.

ಕೆಂಡ್ರಾ ನಮ್ಮ ಮನೆಯಲ್ಲೇ ಉಳಿದಳು. ಜೊತೆಗೆ ಟೆಕ್ಸಸ್‌ನ ಇನ್ನೊಬ್ಬ ಸ್ಪರ್ಧಿ, ಲ್ಯಾನ್ಸ್ ಕೇಗಲ್ ಅಂತ. ಅವನ ಮಲಗುವ ಗಾಡಿಯನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿಕೊಂಡ. ಮೇವಿಸ್‌ಗೆ ಮಾತಿಗೊಮ್ಮೆ "ಅಮ್ಮಾ" ಎನ್ನುತ್ತಿದ್ದ, ಅವಳು ಕರಗಿಹೋದಳು. ಅಭ್ಯಾಸದ ಮೊದಲ ದಿನ ಇಬ್ಬರೂ ಬಿಸಿಲಿಗೆ ಸುಟ್ಟ ಮುಖ ಹೊತ್ತು ಊಟಕ್ಕೆ ಬಂದರು. ಹುರುಳಿಕಾಯಿ ಪಲ್ಯ, ಹುರಿದ ಬೆಂಡೆಕಾಯಿ, ಜೋಳದ ರೊಟ್ಟಿ. ನೀರಲ್ಲಿ ಹುಲ್ಲು ಬೆಳೆದ ಕಡೆಯಲ್ಲೆಲ್ಲ ಗಾಳ ಹಾಕಿದೆವು, ಒಂದೂ ಕಚ್ಚಲಿಲ್ಲ ಎಂದು ಕೇಗಲ್ ಗೊಣಗಿದ. ನಾನು ತಡೆದುಕೊಂಡೆ. ಬೆಂಡೆಕಾಯಿ ಬಾಯಿಗೆ ತುಂಬಿಕೊಂಡೆ. ನಾಳೆಯೂ ಹುಲ್ಲಿಗೇ ಹೋಗೋಣ ಎಂದ. ಅಷ್ಟೇ, ತಲೆ ಕೆಟ್ಟಿತು.

"ಹುಲ್ಲಲ್ಲಿ ಏನ್ ಹುಡುಕ್ತೀರೋ ಕತ್ತೆಗಳಾ! ಈ ಬಿಸಿಲಿಗೆ ಮೀನು ತಣ್ಣೀರು ಇರೋ ಕಡೆ ಹೋಗುತ್ತೆ. ಗಿಡ್ಡ ಗುಡ್ಡದ ಮೂತಿ ಎದುರಿಗೆ ನಮ್ಮಮ್ಮನ ಒರತೆ ಇನ್ನೂ ಉಕ್ತಾನೇ ಇದೆ, ಅಲ್ಲಿ..."

ಮೇಜಿನ ಕೆಳಗೆ ಮೇವಿಸ್ ಒದ್ದಳು. ಮೊಣಕಾಲು ನೋವಿನವಳ ಒದೆ ಅಲ್ಲ ಅದು.

ಹೌದು, ಅದೇ ಒರತೆ. ನಮ್ಮ ಹಳೆಯ ಮನೆ ಹಿಂದಿನದು. ಅಣೆಕಟ್ಟು ಕಟ್ಟಿ ಕಣಿವೆ ಮುಳುಗಿದ್ದೂ ನಾನು ಶಾಲೆ ಬಿಟ್ಟು ಮರದ ಮಿಲ್ಲಿಗೆ ಸೇರಿದ್ದೂ ಒಂದೇ ವರ್ಷ, ನಿನಗೆ ನೆನಪಿರಬೇಕು. ಮನೆ ಹೋಯಿತು, ಒರತೆ ನೀರಿನಡಿಯಲ್ಲೇ ಹರಿಯುತ್ತಿದೆ.

ಕೇಗಲ್‌ನ ಚಮಚ ಅರ್ಧದಲ್ಲೇ ನಿಂತಿತು. ಕೆಂಡ್ರಾ ಮಾತ್ರ ರೊಟ್ಟಿಗೆ ಬೆಣ್ಣೆ ಸವರುತ್ತಲೇ ಇದ್ದಳು. ಹುಬ್ಬು ಕೂಡ ಅಲುಗಲಿಲ್ಲ. "ಆ ಉಪ್ಪು ಈ ಕಡೆ ಕೊಡಮ್ಮ" ಎಂದಳು. ಎಂಥ ಹಿಡಿತ ನನ್ನ ಮಗಳದು, ನಿಯಮ ಅಂದರೆ ಹೀಗಿರಬೇಕು ಅಂತ ಮನಸ್ಸಿನಲ್ಲೇ ಹೆಮ್ಮೆಪಟ್ಟೆ.

ಪಂದ್ಯ ಮೂರು ದಿನ. ಮೊದಲ ದಿನವೇ ಅವಳ ಮೀನಿನ ಚೀಲ ಎಲ್ಲರದ್ದಕ್ಕಿಂತ ಭಾರ. ಎರಡನೆಯ ದಿನವೂ ಹಾಗೇ. ಕೊನೆಯ ದಿನ ಅವಳು ವೇದಿಕೆ ಹತ್ತಿ ಎರಡು ಕೈಯಲ್ಲಿ ಎರಡು ಮೀನು ಎತ್ತಿ ತೋರಿಸಿದಾಗ, ಒಂದೊಂದೂ ಆಗಷ್ಟೇ ಹುಟ್ಟಿದ ಮಗುವಿನಷ್ಟಿತ್ತು, ನಾನು ಕುರ್ಚಿ ಮೇಲೆ ಹತ್ತಿ ನಿಂತು ಕೂಗಿದೆ. ಕುರ್ಚಿ ಮಡಚಿಕೊಂಡು ಬಿದ್ದೆ. ಪೆಟ್ಟೇನೂ ಆಗಲಿಲ್ಲ. ಕಪ್ ಅವಳ ಕೈಗೆ ಬಂತು.

ಜನ ಕರಗುತ್ತಿದ್ದಾಗ ಕೇಗಲ್ ಟೋಪಿ ಕೈಯಲ್ಲಿ ಹಿಡಿದು ಬಂದ. ಅಭಿನಂದನೆ ಹೇಳಲು ಬಂದನೆಂದುಕೊಂಡೆ.

"ಕೆಂಡ್ರಾ, ನಾನು ಸ್ಟ್ರೌಡ್ ಹತ್ರ ಹೋಗ್ತಿದೀನಿ. ಬೆನ್ನ ಹಿಂದೆ ಹೇಳ್ದ ಅನ್ನಬಾರ್ದು, ಅದಕ್ಕೆ ಮೊದ್ಲು ನಿಂಗೇ ಹೇಳ್ತಿದೀನಿ. ಮೂರು ದಿನಾನೂ ನಿನ್ ದೋಣಿ ಆ ಗಿಡ್ಡ ಗುಡ್ಡದ ಎದುರಿಗೇ ಇತ್ತು. ಊಟದಲ್ಲಿ ನಿಮ್ಮಪ್ಪ ಹೇಳಿದ್ದೂ ಅದೇ ಜಾಗ. ನಾನೂ ಕೇಳಿಸ್ಕೊಂಡೆ, ಅದಕ್ಕೇ ಆ ದಿಕ್ಕಿಗೆ ಗಾಳಾನೇ ಎಸೀಲಿಲ್ಲ."

"ಏನ್ ಹೇಳಿದ್ರು ಅಪ್ಪ?" ಎಂದು ಕೆಂಡ್ರಾ ಕೇಳಿದಳು. ಪಾಪ, ನನ್ನನ್ನು ಉಳಿಸಲು ನಾಟಕ ಆಡುತ್ತಿದ್ದಾಳೆ ಎಂದುಕೊಂಡೆ. ಕೇಗಲ್ ಕಡೆ ನುಗ್ಗಿದೆ.

"ಲೋ, ನನ್ ಅಂಗಳದಲ್ಲಿ ಗಾಡಿ ನಿಲ್ಸಿ, ನನ್ ಹೆಂಡ್ತಿ ಮಾಡಿದ್ ರೊಟ್ಟಿ ತಿಂದು..."

"ರೊಟ್ಟಿ ತುಂಬಾ ಚೆನ್ನಾಗಿತ್ತು ಸಾರ್. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹೊಡೆಯುತ್ತಿದ್ದೆ, ಮೇವಿಸ್ ಬೆಲ್ಟು ಹಿಡಿದು ಎಳೆದಳು. ಆ ಸಿಟ್ಟಿನಲ್ಲೂ ನನಗೆ ಗೊತ್ತಿತ್ತು, ಅವನು ಮಾಡಿದ್ದು ಸರಿ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಬಹುಶಃ ಟೋಪಿ ತೆಗೆಯುತ್ತಿರಲಿಲ್ಲ.

ಸ್ಟ್ರೌಡ್ ಪಂದ್ಯದ ಮುಖ್ಯಸ್ಥ. ಬೋಳುತಲೆಯ ನಿಧಾನದ ಮನುಷ್ಯ. ಗೆದ್ದವರನ್ನು ಹೇಗೂ ಸುಳ್ಳು ಹಿಡಿಯುವ ಯಂತ್ರದ ಮುಂದೆ ಕೂರಿಸುತ್ತೇವೆ, ಇದನ್ನೂ ಅಲ್ಲೇ ಕೇಳುತ್ತೇವೆ ಎಂದ. ಸುಳ್ಳು ಎಂದು ಬಂದರೆ ಕಪ್ ವಾಪಸು, ಮುಂದಿನ ಪಂದ್ಯಗಳಿಗೂ ಬಾಗಿಲು ಬಂದ್. ನಾನು ಅವನ ತೋಳು ಹಿಡಿದೆ.

"ಬಾಯಿ ನಂದು ಕಣ್ರೀ. ಶಿಕ್ಷೆ ಏನಿದ್ರೂ ನನಗೆ ಕೊಡಿ."

"ನಿಮಗೆ ಕೊಡೋಕೆ ನೀವು ಮೀನು ಹಿಡಿದಿಲ್ವಲ್ಲ ಯಜಮಾನ್ರೇ" ಎಂದ.

ದೋಣಿಗಟ್ಟೆಯ ಪಕ್ಕದ ಮೋಟೆಲ್‌ನಲ್ಲಿ ಒಂದು ಕೋಣೆ. ಕೆಂಡ್ರಾ ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾವು ಹೊರಗೆ ಐಸ್ ಯಂತ್ರದ ಪಕ್ಕ ಕೂತೆವು. ಬೈಯುವ ಬದಲು ಮೇವಿಸ್ ನನ್ನ ಅಂಗಿಯ ಗುಂಡಿ ಸರಿಮಾಡಿದಳು. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಕೇಗಲ್ ಗೋಡೆಗೆ ಒರಗಿ ನಿಂತಿದ್ದ, ಅವನ ಮುಖವೂ ಬಿಳುಚಿಕೊಂಡಿತ್ತು. ಮಗಳು ಇಷ್ಟು ವರ್ಷ ಗಾಡಿಯಲ್ಲೇ ಮಲಗಿ, ಪೆಟ್ರೋಲ್ ಬಂಕಿನ ತಿಂಡಿ ತಿಂದು ಸಂಪಾದಿಸಿದ ಹೆಸರನ್ನು ಅಪ್ಪನ ನಾಲಿಗೆ ಒಂದು ಊಟದಲ್ಲಿ ನುಂಗಿಹಾಕಿತು ಎಂದು ಕೂತಲ್ಲೇ ಬೆವರಿದೆ. ಚರ್ಚಿನಲ್ಲಿ ಕೂಡ ಅಷ್ಟು ಮನಸ್ಸಿಟ್ಟು ಪ್ರಾರ್ಥಿಸಿದವನಲ್ಲ ನಾನು.

ಬಾಗಿಲು ತೆರೆದು ಸ್ಟ್ರೌಡ್ ಬಂದ. ಅವನು ನಗುತ್ತಿದ್ದ ವರ್ನಾ! ಬೋಳುತಲೆ ಎಲ್ಲ ಕೆಂಪಾಗಿತ್ತು.

"ನಿಮ್ಮ ಮಗಳು ಅಪ್ಪಟ ಸತ್ಯ ಹೇಳಿದಾಳೆ. ಯಂತ್ರದ ಗೆರೆ ಒಂಚೂರೂ ಅಲುಗಲಿಲ್ಲ. ಆ ಜಾಗ ಎರಡನೇ ದಿನದ ಅಭ್ಯಾಸದಲ್ಲಿ ನೀರಿನ ತಳ ತೋರಿಸೋ ದೋಣಿಯ ಪರದೆ ನೋಡಿ ತಾನೇ ಕಂಡುಹಿಡಿದಳಂತೆ. ಊಟದಲ್ಲಿ ಅಪ್ಪ ಹೇಳಿದ್ದು ಕೇಳಿಸ್ತಾ ಅಂತ ಕೇಳಿದ್ವಿ. ಇಲ್ಲ ಅಂದ್ಳು. ಪಕ್ಕದಲ್ಲೇ ಕೂತು ಹೇಗಮ್ಮ ಕೇಳಿಸಲ್ಲ ಅಂದ್ವಿ. ಏನಂದ್ಳು ಗೊತ್ತಾ? 'ಅಪ್ಪ ಕೆರೆ ಸುದ್ದಿ ಶುರು ಮಾಡಿದ್ರೆ ನನ್ ಕಿವಿ ತಾನಾಗೇ ಮುಚ್ಕೊಳ್ಳುತ್ತೆ ಸಾರ್. ಚಿಕ್ಕಂದಿನಿಂದ್ಲೂ ಹಂಗೇ. ಅವರು ಹೇಳಿದ್ದು ಒಂದು ಮಾತೂ ನನ್ ತಲೇಲಿಲ್ಲ.' ಅದೂ ಸತ್ಯ ಅಂತಾನೇ ಬಂತು!"

ಮೇವಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಂತೂ ನಿನ್ ಕೊರೆತದಿಂದ ಒಂದ್ ಉಪಯೋಗ ಆಯ್ತು ಹಾಯ್ಟ್!" ಎಂದಳು. ಕೇಗಲ್ ಬಂದು ಕೆಂಡ್ರಾಳನ್ನು ತಬ್ಬಿಕೊಂಡು ಅತ್ತೇಬಿಟ್ಟ. ನಾನೂ ನಕ್ಕೆ. ಎದೆಯ ಮೇಲಿದ್ದ ಮರದ ದಿಮ್ಮಿ ಯಾರೋ ಎತ್ತಿದ ಹಾಗಾಯಿತು. ಮತ್ತೆ ಐಸ್ ಯಂತ್ರದ ಪಕ್ಕವೇ ಕೂತೆ, ಒಂದು ಹಿಡಿ ಐಸ್ ತೆಗೆದು ತಲೆಯ ಮೇಲೆ ಇಟ್ಟುಕೊಂಡೆ.

ಆಮೇಲೆ ಓಡೆಲ್‌ನ ಹೋಟೆಲಿಗೆ ಎಲ್ಲರೂ ಹೋಗಿ ಕರಿದ ಮೀನು ತಿಂದೆವು. ಬ್ಯಾಸ್ ಅಲ್ಲ, ಗಾಬರಿಯಾಗಬೇಡ. ರೊಟ್ಟಿ ಬಂದಾಗ ಮೊದಲು ಕೇಗಲ್‌ನ ತಟ್ಟೆಗೆ ನಾನೇ ಹಾಕಿದೆ. "ಇದಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದೆ. ಅವನು ಬಿದ್ದು ಬಿದ್ದು ನಕ್ಕ. ಒಳ್ಳೆಯ ಹುಡುಗ. ಮುಂದಿನ ವಸಂತದಲ್ಲಿ ಬಂದರೆ ಅಂಗಳ ಅವನದೇ.

ಕಪ್ ಈಗ ಫ್ರಿಜ್ ಮೇಲಿದೆ. ಮೇವಿಸ್ ದಿನಾ ಒರೆಸುತ್ತಾಳೆ. ಪಾದ್ರಿ ಭಾನುವಾರ ಕೆಂಡ್ರಾಳ ಹೆಸರು ಹೇಳಿದ, ಸತ್ಯವಂತೆ ಎಂದ. ಇಡೀ ಊರಿನ ಎದುರು ಅವಳು ತಲೆ ಎತ್ತಿಕೊಂಡು ನಡೆದಳು. ನನಗೆ ಇನ್ನೇನು ಬೇಕು.

ನಿನ್ನ ರಕ್ತದೊತ್ತಡ ಹೇಗಿದೆ? ಮಾತ್ರೆ ತಪ್ಪಿಸಬೇಡ, ನೀನೇ ನರ್ಸ್ ಆಗಿದ್ದವಳಿಗೆ ನಾನು ಹೇಳಬೇಕೆ. ನಿನ್ನನ್ನೂ ನಿನ್ನ ಮಕ್ಕಳು ಮೊಮ್ಮಕ್ಕಳನ್ನೂ ದೇವರು ತನ್ನ ಅಂಗೈಯಲ್ಲಿಟ್ಟು ಕಾಯಲಿ. ನಿನ್ನ ಬಾಗಿಲಿಗೆ ಈ ವರ್ಷ ಒಳ್ಳೆಯ ಸುದ್ದಿ ಮಾತ್ರ ಬರಲಿ.

ನಿನ್ನ ಅಣ್ಣ,
ಹಾಯ್ಟ್

ಮರೆತದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕೆಂಡ್ರಾ ಹೊರಡುವ ಬೆಳಿಗ್ಗೆ ದೋಣಿಯ ಪರದೆಯಲ್ಲಿ ಆ ಜಾಗ ತೋರಿಸಿದಳು. ಕಲ್ಲಿನ ನಾಲ್ಕು ಗೋಡೆ ಬುಡ, ಪಕ್ಕದಲ್ಲಿ ಮೆಟ್ಟಿಲು, ಎಲ್ಲ ಕಾಣುತ್ತದೆ ಕಣೇ. ಅವಳು ಅದಕ್ಕೆ 'ತಣ್ಣನೆ ಗುಂಡಿ' ಎಂದು ಹೆಸರಿಟ್ಟಿದ್ದಾಳೆ. "ಯಾರದ್ದೋ ಹಳೇ ಕೊಟ್ಟಿಗೆ ಇದ್ದಿರ್ಬೇಕು ಅಪ್ಪಾ" ಎಂದಳು. ಅಮ್ಮ ಹಾಲಿನ ಕ್ಯಾನು, ಬೆಣ್ಣೆಯ ಮಡಕೆ ತಣ್ಣಗಿಡುತ್ತಿದ್ದ ಒರತೆಯ ಕಲ್ಲುಗೂಡು ಅದು. ನೀನು ಜಾರಿ ಹಲ್ಲು ಮುರಿದುಕೊಂಡ ಮೆಟ್ಟಿಲು. ಕೆಂಡ್ರಾ ತೊಟ್ಟಿಲಲ್ಲಿದ್ದಾಗಿನಿಂದ ಅವಳಿಗೆ ಅದನ್ನೇ ಹೇಳಿಕೊಂಡು ಬಂದೆ. ಮಲಗಿಸುವಾಗ ಹೇಳಿದೆ, ದೋಣಿಯಲ್ಲಿ ಕೂರಿಸಿಕೊಂಡು ಹೇಳಿದೆ. ಕೆರೆ ಮುಚ್ಚುವ ಮೊದಲು ಎಂದೋ ಕೇಳಿದ್ದು ತಪ್ಪಲ್ಲ ಎಂದು ಸ್ಟ್ರೌಡ್ ಆ ಕೋಣೆಯಲ್ಲಿ ಪ್ರಶ್ನೆಗೆ ಮೊದಲೇ ಅವಳಿಗೆ ವಿವರಿಸಿದ್ದನಂತೆ. 'ಚಿಕ್ಕವಳಿದ್ದಾಗ ಅಪ್ಪ ಹೇಳಿದ್ದು ನೆನಪಿದೆ' ಎಂದಿದ್ದರೂ ಅವಳ ತೂಕದಲ್ಲಿ ಒಂದು ಔನ್ಸ್ ಕಡಿಮೆಯಾಗುತ್ತಿರಲಿಲ್ಲ. ಆದರೂ ಒಂದು ಮಾತೂ ತಲೆಯಲ್ಲಿಲ್ಲ ಎಂದಳು, ಯಂತ್ರ ಅದನ್ನು ಸತ್ಯ ಎಂದಿತು. ಕೊಟ್ಟಿಗೆ ಎಂದದ್ದನ್ನು ನಾನು ತಿದ್ದಲಿಲ್ಲ, ಗಾಡಿಯ ಕೊಂಡಿ ಸರಿಯಾಗಿದೆಯಾ ಎಂದು ನೋಡಿ ಕಳಿಸಿದೆ. ಆ ಸುಳ್ಳು ಹಿಡಿಯುವ ಯಂತ್ರ ಒಮ್ಮೊಮ್ಮೆ ತಪ್ಪು ಹೇಳುತ್ತದೆ ಎನ್ನುತ್ತಾನೆ ಓಡೆಲ್. ನೀನು ಆಸ್ಪತ್ರೆಯಲ್ಲಿ ಯಂತ್ರಗಳ ಮಧ್ಯೆಯೇ ಕೆಲಸ ಮಾಡಿದವಳು. ಹೌದಾ ವರ್ನಾ? ತಪ್ಪುತ್ತದಾ? ಬೇಗ ಬರೆ.