ಬ್ರೇಕಿಲ್ಲದ ಸ್ವದೇಶಿ ಸೈಕಲ್ಲು

ದೇಶೀಯ ಉತ್ಪನ್ನಗಳ ಉತ್ತೇಜನಾಧಿಕಾರಿಗಳಾದ ಮಾನ್ಯರೇ,

ನಮ್ಮ ಸೈಕಲ್ಲನ್ನು ವಾಪಸು ಕೊಡಿ. ಮೊದಲು ನಿಮ್ಮ ಮೊಣಕೈ ಹೇಗಿದೆ ಎಂದು ವಿಚಾರಿಸುವುದು ಶಿಷ್ಟಾಚಾರವಿರಬಹುದು. ಅದು ಬೇಗ ವಾಸಿಯಾಗಲಿ ಎಂಬ ಆಸೆ ನನಗೆ ಇಲ್ಲದ್ದರಿಂದ ಆ ಶಿಷ್ಟಾಚಾರವನ್ನು ಬಿಟ್ಟಿದ್ದೇನೆ.

ನಾನು ಉಡುಪಿಯವಳು, ಕಡಲು ದಾಟಿ ಬಂದು ನಿಮ್ಮ ಈ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ನನ್ನ ಗಂಡ ಜಯಕರ ಊರಾಚೆಯ ಸೈಕಲ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರಾಗಿದ್ದರು. ಆಗ ಅಲ್ಲಿ ಕೊಳವೆ ಬಗ್ಗಿಸಿ, ಬೆಸುಗೆ ಹಾಕಿ, ಬಣ್ಣ ಬಳಿದು ಮೀನು ಮಾರುವವರಿಗೆ, ಪೇಪರ್ ಹಾಕುವವರಿಗೆ, ಶಾಲೆಯ ಮಕ್ಕಳಿಗೆ ಕೈಗೆಟುಕುವ ಸೈಕಲ್ಲು ಮಾಡುತ್ತಿದ್ದರು. ಆಮೇಲೆ ಹೊರದೇಶದ ಸೈಕಲ್ಲಿಗೆ ನಿಮ್ಮ ಕಚೇರಿ ಬಾಗಿಲು ತೆರೆಯಿತು. ಕಾರ್ಖಾನೆ ಗೋದಾಮಾಯಿತು. ಅಲ್ಲಿ ಪೆಟ್ಟಿಗೆ ಒಡೆದು, ಹ್ಯಾಂಡಲ್ಲಿಗೆ ಸ್ಕ್ರೂ ತಿರುಗಿಸಿ, ‘ಈ ದೇಶದಲ್ಲಿ ತಯಾರಾದದ್ದು’ ಎಂದು ಸ್ಟಿಕ್ಕರ್ ಅಂಟಿಸಿದರು. ಆ ಸ್ಟಿಕ್ಕರಿಗೆ ಒಪ್ಪಿಗೆ ಕೊಟ್ಟವರು ಯಾರು ಮಾನ್ಯರೇ? ಸ್ಕ್ರೂ ತಿರುಗಿಸುವುದೂ ತಯಾರಿಕೆಯಾದರೆ, ದಿನವೂ ಇನ್‌ಸ್ಟಂಟ್ ನೂಡಲ್ಸಿಗೆ ಬಿಸಿನೀರು ಹೊಯ್ಯುವ ನಾನು ಆಹಾರೋದ್ಯಮಿ. ಕೊನೆಗೆ ಸ್ಟಿಕ್ಕರಿನ ಖರ್ಚೂ ದಂಡವೆನಿಸಿ ಗೋದಾಮಿಗೂ ಬೀಗ ಬಿತ್ತು. ಜಯಕರ ಮನೆಗೆ ಬಂದು, ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ನಮ್ಮ ಬಿಲ್ಡಿಂಗಿನ ಕೆಳಗಿನ ಪಡಸಾಲೆಯಲ್ಲಿ ರಿಪೇರಿ ಮಾಡತೊಡಗಿದರು.

ಆಮೇಲೆ ಕೊರೋನಾ ಬಂತು. ಊರಿಗೆಲ್ಲ ಒಮ್ಮೆಲೇ ಸೈಕಲ್ಲು ಬೇಕಾಯಿತು, ಕಂಟೇನರುಗಳು ಬರಲಿಲ್ಲ, ಅಂಗಡಿಗಳಲ್ಲಿ ಖಾಲಿ ಕೊಕ್ಕೆಗಳು ನೇತಾಡಿದವು. ನಮ್ಮ ಕೆಳಗಿನ ಮನೆಯ ಗುಲಾಬಿ ಆಸ್ಪತ್ರೆಯ ನರ್ಸು, ಕಾಪುವಿನ ಹುಡುಗಿ. ಬಸ್ಸು ಕಡಿಮೆಯಾಯಿತು. ಸಮವಸ್ತ್ರ ಕಂಡರೆ ಟ್ಯಾಕ್ಸಿಯವರು ನಿಲ್ಲಿಸುತ್ತಿರಲಿಲ್ಲ. ಕೊರೋನಾ ವಾರ್ಡಿನಲ್ಲಿ ದಿನವಿಡೀ ನಿಂತವಳು ಕಾಲುದಾರಿಯಿಲ್ಲದ ಹೆದ್ದಾರಿಯ ಅಂಚಿನಲ್ಲಿ ನಡೆದು ಮನೆಗೆ ಬರುತ್ತಿದ್ದಳು.

“ಜಯಣ್ಣ, ನಂಗೆ ಚಂದ ಎಲ್ಲ ಬೇಡ ಮಾರಾಯ್ರೆ. ಕೂತು ತುಳಿದ್ರೆ ಮುಂದೆ ಹೋಗ್ಬೇಕು, ಹಿಡಿದ್ರೆ ನಿಲ್ಬೇಕು. ಅಷ್ಟೇ ಸಾಕು,” ಎಂದಳು.

ಜಯಕರ ಒಬ್ಬ ಚೀನೀ ಮುದುಕರ ಕೋಳಿಗೂಡಿನ ಹಿಂದಿನಿಂದ ಒಂದು ಸೈಕಲ್ಲು ಎತ್ತಿಕೊಂಡು ಬಂದರು. ತುಕ್ಕು ಉಜ್ಜಿದಾಗ ಕೆಳಗಿನಿಂದ ಅವರದೇ ಕಾರ್ಖಾನೆಯ ಗುರುತು ಎದ್ದಿತು. “ದೇವಕಿ, ಬಾ ಇಲ್ಲಿ! ಇದು ನಮ್ಮ ಕಂಪನಿದೇ ಮಾರಾಯ್ತಿ, ಇಲ್ಲಿಯೇ ಬೆಸುಗೆ ಹಾಕಿದ್ದು,” ಎಂದು ಕೂಗಿದರು. ಕೆಲಸ ಹೋದಮೇಲೆ ಅವರ ಧ್ವನಿ ಅಷ್ಟು ದೊಡ್ಡದಾದದ್ದು ನಾನು ಕೇಳಿರಲಿಲ್ಲ. ಚೈನು, ಬೇರಿಂಗು, ಸೀಟು ಎಲ್ಲ ಹೊಂದಿತು. ಬ್ರೇಕಿನ ಕಡ್ಡಿ ಮಾತ್ರ ಎಲ್ಲೂ ಸಿಗಲಿಲ್ಲ. ಪೆಟಾಲಿಂಗ್ ಜಯಾ ಎಂಬ ಊರಿನಲ್ಲಿರುವ ಗೆಳೆಯ ರತ್ನಾಕರನ ಹಳೆಯ ಡಬ್ಬಿಯಲ್ಲಿ ಒಂದು ಜೊತೆ ಉಂಟೆಂದು ತಿಳಿದು, ಅದು ಕೊರಿಯರಿನಲ್ಲಿ ಬರುವವರೆಗೆ ಕಾಯುವುದೆಂದಾಯಿತು.

ಈಗ ಒಂದು ಅಭ್ಯಾಸದ ವಿಷಯ ಹೇಳಬೇಕು. ಕಾರ್ಖಾನೆಯಲ್ಲಿ ಜಯಕರ ‘ಇದು ಪಾಸಾಗಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದರೆ, ಅವರು ಬೆನ್ನು ತಿರುಗಿಸಿದ ಕೂಡಲೇ ಸೂಪರ್‌ವೈಸರ್ ಒರೆಸಿ ಸೈಕಲ್ಲನ್ನು ಲಾರಿಗೆ ಹತ್ತಿಸುತ್ತಿದ್ದನಂತೆ. ಕನ್ನಡದಲ್ಲಿ ಬರೆದರೆ ಏನೆಂದು ತಿಳಿಯದೆ ಮುಟ್ಟುತ್ತಿರಲಿಲ್ಲವಂತೆ. ಅಂದಿನಿಂದ ಬಾಕಿ ಕೆಲಸವನ್ನು ಅವರು ಕನ್ನಡದಲ್ಲೇ ಬರೆಯುತ್ತಾರೆ. ಗುಲಾಬಿಯ ಸೈಕಲ್ಲಿನಲ್ಲಿ ಸೀಟಿನ ಮುಂದಿರುವ ಉದ್ದನೆಯ ಬಾರಿನ ಮೇಲೂ ಹಳದಿ ಬಣ್ಣದಲ್ಲಿ ದುಂಡಗೆ ಬರೆದಿದ್ದರು: ‘ಬ್ರೇಕ್ ಇಲ್ಲ, ಹತ್ತಬೇಡಿ.’

ನಿಮ್ಮ ‘ಸ್ವದೇಶಿ ಸಪ್ತಾಹ’ಕ್ಕೆ ಒಂದು ಸ್ವದೇಶಿ ಸೈಕಲ್ಲು ಬೇಕಾಗಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡಿದ್ದೆ, ಇದ್ದ ಬಾವಿಯನ್ನು ತಾವೇ ಮುಚ್ಚಿ ಆಮೇಲೆ ಪಕ್ಕದ ಮನೆಯ ಕೊಡಪಾನ ಹೊತ್ತುಕೊಂಡು ಹೋಗುವವರನ್ನು ನಿಮ್ಮಲ್ಲೇ ಕಂಡದ್ದು. ಜಯಕರ ಲಸಿಕೆಯ ಸಾಲಿನಲ್ಲಿದ್ದರು, ನಾನು ಆನ್‌ಲೈನ್ ಪಾಠದಲ್ಲಿದ್ದೆ. ಕೆಳಗೆ ಇಳಿದಾಗ ಸೈಕಲ್ಲು ಇರಲಿಲ್ಲ. “ಆಫೀಸರ್ ಆಳುಗಳು ಬಂದು ತಗೊಂಡು ಹೋದ್ರು ಅಕ್ಕಾ. ಪಿಂಜಾಮ್ ಅಂತ ಹೇಳಿದ್ರು ಲಾ,” ಎಂದ ಗಾರ್ಡು. ಪಿಂಜಾಮ್ ಎಂದರೆ ನಿಮ್ಮ ಭಾಷೆಯಲ್ಲಿ ಎರವಲು. ಎರವಲು ಎಂದರೆ ಕೇಳಿ ಒಯ್ಯುವುದು, ತಂದು ಕೊಡುವುದು. ಇದರಲ್ಲಿ ಯಾವ ಅರ್ಧ ನಿಮಗೆ ಗೊತ್ತಿತ್ತು?

ನಿಮ್ಮ ಕಾರ್ಯಕ್ರಮವನ್ನು ನಾನು ಫೋನಿನಲ್ಲಿ ನೇರಪ್ರಸಾರದಲ್ಲಿ ನೋಡಿದೆ. ಮುಖಕ್ಕೆ ಪ್ಲಾಸ್ಟಿಕ್ ಕವಚ ತೊಟ್ಟು ನೀವು ಆ ಬಾರಿನ ಮೇಲೆ ಕೈಯಾಡಿಸಿದಿರಿ. “ನಮ್ಮ ಕಾರ್ಖಾನೆಗಳು ಇನ್ನೂ ಜೀವಂತವಾಗಿವೆ ಎಂಬುದಕ್ಕೆ ಈ ಹೊಚ್ಚಹೊಸ ಸೈಕಲ್ಲೇ ಸಾಕ್ಷಿ. ಈ ಪ್ರಾಚೀನ ಜಾವಾ ಲಿಪಿಯ ಅಲಂಕಾರ ನೋಡಿ!” ಎಂದಿರಿ. ನಾನು ನಿಮ್ಮ ಕಚೇರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಒಂದು ಹೆಣ್ಣುದನಿ ಹೇಳುತ್ತಲೇ ಇತ್ತು. ಅಷ್ಟರಲ್ಲಿ ನೀವು ಹತ್ತಿದಿರಿ. ಕಚೇರಿಯ ಇಳಿಜಾರು, ಕೈಬೀಸು, ಚಪ್ಪಾಳೆ, ಕ್ರೋಟನ್ ಗಿಡಗಳ ಕುಂಡಗಳು. ಯಾರೂ ಫೋನ್ ಎತ್ತದಿದ್ದುದಕ್ಕೆ ಅಲ್ಲಿಯತನಕ ನನಗಿದ್ದ ಸಿಟ್ಟು ಆ ಕ್ಷಣ ಪೂರ್ತಿ ಇಳಿಯಿತು. ನಾನು ನಕ್ಕೆ ಮಾನ್ಯರೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ವಿಡಿಯೋ ನನ್ನ ಬಳಿ ಉಂಟು, ಮನಸ್ಸು ಕೆಟ್ಟಾಗ ಈಗಲೂ ನೋಡುತ್ತೇನೆ.

ಬಿದ್ದವರು ಎದ್ದು ಸುಮ್ಮನಿದ್ದಿದ್ದರೆ ನಾನೂ ಅಷ್ಟಕ್ಕೆ ಬಿಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರುದಿನವೇ ನಿಮ್ಮ ಕಚೇರಿಯ ಹೇಳಿಕೆ ಬಂತು: ಅನಧಿಕೃತ ವ್ಯಕ್ತಿಯೊಬ್ಬ ‘ಅಪಾಯಕಾರಿ ವಾಹನ’ವನ್ನು ಸಿದ್ಧಪಡಿಸಿದ್ದಾನೆ, ತನಿಖೆ ಮುಗಿಯುವವರೆಗೆ ಅದು ಇಲಾಖೆಯ ವಶದಲ್ಲಿರುತ್ತದೆ. ಹಿಂದಿನ ದಿನ ಕಾರ್ಖಾನೆಯ ಹೊಚ್ಚಹೊಸ ಮಾಲು, ಇಂದು ಪಡಸಾಲೆಯ ಅಪರಾಧ! ಅಪಾಯವೆಂದು ಬಾರಿನುದ್ದಕ್ಕೂ ಬರೆದಿತ್ತಲ್ಲ? ನೀವು ಸವರಿದ್ದು ಅದನ್ನೇ. ಆ ಅಲಂಕಾರ ನಿಮಗೆ ಬಹಳ ಮೆಚ್ಚಿಗೆಯಾದ್ದರಿಂದ ಕನ್ನಡ ಸಂಘದ ಪತ್ರಿಕೆಯಲ್ಲಿ ಈ ಪತ್ರವನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಓದಿ ಹೇಳುವವರನ್ನು ಹುಡುಕಿಕೊಳ್ಳುವುದು ನಿಮ್ಮ ಕರ್ಮ. ಈ ಸಲವಾದರೂ ಹತ್ತುವ ಮೊದಲು ಓದಿಸಿಕೊಳ್ಳಿ.

ಜಯಕರ ಈಗ ಪಡಸಾಲೆಗೆ ಇಳಿಯುವುದಿಲ್ಲ. ಅವರ ಬಾಯಿಂದ ಬೈಗುಳವೂ ಬರುವುದಿಲ್ಲ, ಅದಕ್ಕೇ ಅವರ ಪಾಲಿನದನ್ನೂ ಸೇರಿಸಿ ನಾನೇ ಬೈಯುತ್ತಿದ್ದೇನೆ. ಬ್ರೇಕಿನ ಕಡ್ಡಿ ಬಂದು ನಮ್ಮ ಮೇಜಿನ ಮೇಲೆ ಕೂತಿದೆ, ಸೈಕಲ್ಲು ನಿಮ್ಮ ಗೋದಾಮಿನಲ್ಲಿದೆ, ಗುಲಾಬಿ ರಸ್ತೆಯಲ್ಲಿದ್ದಾಳೆ. ಕಳೆದ ವಾರ ಲಾರಿಯೊಂದು ತೀರಾ ಅಂಚಿಗೆ ಬಂತೆಂದು ಚರಂಡಿಗೆ ಹಾರಿ ಕಾಲು ಉಳುಕಿಸಿಕೊಂಡಳು. “ಏನಿಲ್ಲ ಅಕ್ಕ, ಮೂಳೆ ಮುರೀಲಿಲ್ಲ,” ಎಂದು ಮರುದಿನವೂ ಕುಂಟುತ್ತ ಡ್ಯೂಟಿಗೆ ಹೋದಳು. ಅವಳು ಕ್ಷಮಿಸುವ ಜಾತಿ. ನಾನಲ್ಲ.

ಆದ್ದರಿಂದ ನನ್ನ ಬೇಡಿಕೆ. ಸೈಕಲ್ಲನ್ನು ಇಲಾಖೆಯ ವ್ಯಾನಿನಲ್ಲಿ ಕಳಿಸಬೇಡಿ, ಆಳುಗಳ ಕೈಯಲ್ಲೂ ಕಳಿಸಬೇಡಿ. ನೀವೇ ತಳ್ಳಿಕೊಂಡು ಬನ್ನಿ. ಆಸ್ಪತ್ರೆಯ ಗೇಟಿನಿಂದ ಹೊರಟು, ಅವಳು ನಡೆಯುವ ಹೆದ್ದಾರಿಯ ಅದೇ ಅಂಚಿನಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ. ಲಾರಿ ಹತ್ತಿರ ಬಂದಾಗ ಎಲ್ಲಿಗೆ ಸರಿಯಬೇಕೆಂದು ನಿಮಗೇ ಗೊತ್ತಾಗುತ್ತದೆ. ನೀವು ತಲುಪುವಾಗ ಗುಲಾಬಿ ಡ್ಯೂಟಿ ಮುಗಿಸಿ ನಿದ್ದೆಯಲ್ಲಿರಬಹುದು. ಬೆಲ್ಲು ಒತ್ತಬೇಡಿ. ಅವಳು ಏಳುವವರೆಗೆ ಸೈಕಲ್ಲು ಹಿಡಿದುಕೊಂಡು ಹೊರಗೆ ನಿಂತಿರಿ.

ಇಂತಿ,
“ನಾಳೆ ಬರ್ತದೆ ಗುಲಾಬಿ” ಎಂದು ದಿನವೂ ಸುಳ್ಳು ಹೇಳಿ ಸಾಕಾಗಿರುವ
ದೇವಕಿ ಜಯಕರ
ಮೆಲಾಕಾ